ಎರಡು-ಮೂರು ದಿನದ ಅಲ್ಟ್ರಾ ಓಟಕ್ಕೆ ಜಿಪಿಎಸ್ ವಾಚ್: ನಾಲ್ಕು ವರ್ಷ ಬಳಸಿದ ಮೇಲೆ

ಡಬ್ಬದ ಮೇಲೆ '60 ಗಂಟೆ ಬ್ಯಾಟರಿ' ಅಂತ ಇರುವುದನ್ನು ನೋಡಿ ವಾಚ್ ಕೊಳ್ಳಬೇಡಿ. ಹಗಲು ರಾತ್ರಿ ಓಡುವ ಸ್ಪರ್ಧೆಯಲ್ಲಿ ಆ ಅಂಕಿಗಿಂತ ಮುಖ್ಯವಾದ ಪ್ರಶ್ನೆಗಳು ಮೂರು. ಅರ್ಧ ಗಂಟೆಯಲ್ಲಿ ಎಷ್ಟು ಚಾರ್ಜ್ ಹತ್ತುತ್ತದೆ? ಚಾರ್ಜ್ ಆಗುವಾಗ ರೆಕಾರ್ಡಿಂಗ್ ನಿಲ್ಲದೆ ನಡೆಯುತ್ತದೆಯೇ? ಓಡುವಾಗ ಕುಲುಕಾಡಿದರೂ ಕೇಬಲ್ ಕಚ್ಚಿಕೊಂಡಿರುತ್ತದೆಯೇ? ಈ ಮೂರಕ್ಕೂ ಒಳ್ಳೆ ಉತ್ತರ ಇರುವ 30 ಗಂಟೆಯ ವಾಚ್, ಉತ್ತರ ಇಲ್ಲದ 60 ಗಂಟೆಯ ವಾಚ್‌ಗಿಂತ ಮೇಲು.

ಇಲ್ಲಿ ಹೇಳುತ್ತಿರುವುದು ಐದು ಬಟನ್, ಬಿಸಿಲಲ್ಲೂ ಓದಲು ಬರುವ ಎಂಐಪಿ ಪರದೆ, ಎತ್ತರ ಅಳೆಯಲು ವಾಯುಭಾರ ಸೆನ್ಸರ್, ಉಪಗ್ರಹದ ಸಿಗ್ನಲನ್ನು ಎರಡು ಆವರ್ತನಗಳಲ್ಲಿ (ಬ್ಯಾಂಡ್) ಹಿಡಿಯುವ ಜಿಪಿಎಸ್ ಇರುವ ವಾಚ್ ಬಗ್ಗೆ. ಬ್ರ್ಯಾಂಡ್ ಹೆಸರು ಹಾಕಿಲ್ಲ. ಕೆಳಗೆ ಬರೆದಿರುವ ತೊಂದರೆಗಳು ಈ ಬಗೆಯ ಎಲ್ಲ ವಾಚ್‌ಗಳಲ್ಲೂ ಹೆಚ್ಚುಕಡಿಮೆ ಇರುವಂಥವೇ. ಅಭ್ಯಾಸ ಮತ್ತು ಪರೀಕ್ಷೆ ಎಲ್ಲ ಚಾಮುಂಡಿ ಬೆಟ್ಟದ ಮೆಟ್ಟಿಲು, ಬೆಟ್ಟದ ರಸ್ತೆ, ಮಂಡ್ಯ ಕಡೆಯ ವಿ.ಸಿ. ನಾಲೆ ಏರಿ ಮತ್ತು ಮೈಸೂರಿನ ಚಾಮುಂಡಿ ವಿಹಾರ ಕ್ರೀಡಾಂಗಣದಲ್ಲಿ ನಡೆದದ್ದು.

ಮೊದಲು ನಿಮ್ಮ ವಾಚ್ ಗಂಟೆಗೆ ಎಷ್ಟು ಬ್ಯಾಟರಿ ತಿನ್ನುತ್ತದೆ ಅಂತ ನೀವೇ ಅಳೆಯಿರಿ. ಸ್ಪರ್ಧೆಯ ದಿನ ಇಟ್ಟುಕೊಳ್ಳುವ ಸೆಟ್ಟಿಂಗ್‌ನಲ್ಲೇ ಐದು ಗಂಟೆ ಓಡಿ. ಮೊದಲ ಗಂಟೆ ಬಿಡಿ, ಎರಡರಿಂದ ಐದನೇ ಗಂಟೆವರೆಗೆ ಎಷ್ಟು ಶೇಕಡಾ ಇಳಿಯಿತೋ ಅದನ್ನು ನಾಲ್ಕರಿಂದ ಭಾಗಿಸಿ. ಗಂಟೆಗೆ ಶೇ. 2 ಅಂದರೆ 50 ಗಂಟೆ, ಶೇ. 3 ಅಂದರೆ 33 ಗಂಟೆ. ಕೊನೆಯ ಶೇ. 10 ಅನ್ನು ಲೆಕ್ಕಕ್ಕೇ ಹಿಡಿಯಬೇಡಿ, ಅದು ಯಾವಾಗ ಬೇಕಾದರೂ ಕೈಕೊಡುತ್ತದೆ. ನಮ್ಮ ವಾಚ್ ಹೊಸದಾಗಿದ್ದಾಗ ಗಂಟೆಗೆ ಶೇ. 2 ತಿನ್ನುತ್ತಿತ್ತು, ಈಗ ಶೇ. 2.5 ದಾಟಿದೆ. ನಾಲ್ಕು ವರ್ಷ ಸವೆದ ಲಿಥಿಯಂ ಬ್ಯಾಟರಿಯಿಂದ ಇದಕ್ಕಿಂತ ಹೆಚ್ಚು ಕೇಳಬಾರದು. ರಾತ್ರಿ ಓಟವನ್ನು ಬೇರೆಯಾಗಿ ಅಳೆಯಬೇಕು. ಕೈ ತಿರುಗಿಸಿದಾಗಲೆಲ್ಲ ಬೆಳಕು ಹತ್ತುವಂತೆ ಇಟ್ಟಿದ್ದರೆ, ನಕ್ಷೆಯ ಪರದೆ ತೆರೆದೇ ಇದ್ದರೆ, ಹಗಲಿನ ಲೆಕ್ಕ ಅಲ್ಲಿ ನಡೆಯುವುದಿಲ್ಲ.

ಇನ್ನು ಚಾರ್ಜಿಂಗ್. ಈ ವಾಚ್‌ಗಳ ಬ್ಯಾಟರಿ ಸಾಮಾನ್ಯವಾಗಿ 300ರಿಂದ 500 ಎಂಎಎಚ್, ಅಂದರೆ ಹೆಚ್ಚೆಂದರೆ 2 ವ್ಯಾಟ್-ಅವರ್. 5,000 ಎಂಎಎಚ್‌ನ ಪವರ್ ಬ್ಯಾಂಕ್‌ನಲ್ಲಿ 18.5 ವ್ಯಾಟ್-ಅವರ್ ಇರುತ್ತದೆ. ವೋಲ್ಟೇಜ್ ಏರಿಸುವಾಗ ಆಗುವ ನಷ್ಟ ಕಳೆದರೂ ವಾಚ್‌ಗೆ ನಾಲ್ಕೈದು ಸಲ ಸಾಕಾಗುವಷ್ಟು ಉಳಿಯುತ್ತದೆ. ವಾಚ್‌ಗೋಸ್ಕರ ಅಂತ 10,000 ಎಂಎಎಚ್ ಬ್ಯಾಂಕ್ ಹೊರುವುದು ಬೆನ್ನಿಗೆ ಸುಮ್ಮನೆ 200 ಗ್ರಾಂ ಹೇರಿದಂತೆ. ದೊಡ್ಡ ಬ್ಯಾಂಕ್ ಬೇಕಾಗುವುದು ತಲೆಗೆ ಕಟ್ಟುವ ಟಾರ್ಚ್‌ಗೆ ಮತ್ತು ಫೋನ್‌ಗೆ.

ತುಂಬಾ ಜನ ಎಡವುವುದು ಇಲ್ಲೇ: ಪವರ್ ಬ್ಯಾಂಕ್ ತಾನಾಗಿ ಆಫ್ ಆಗಿಬಿಡುತ್ತದೆ. ವಾಚ್ ಎಳೆಯುವ ಕರೆಂಟ್ ತೀರಾ ಕಡಿಮೆ. ಅದು ಒಂದು ಮಟ್ಟಕ್ಕಿಂತ ಕೆಳಗೆ ಹೋದರೆ 'ಏನೂ ಸಿಕ್ಕಿಸಿಲ್ಲ' ಅಂತ ತಿಳಿದು ಬ್ಯಾಂಕ್ ಮಲಗಿಬಿಡುತ್ತದೆ. ಓಟಗಾರ ಒಂದು ಗಂಟೆ ನಿದ್ದೆ ಮುಗಿಸಿ ಎದ್ದು ನೋಡಿದರೆ ಚಾರ್ಜ್ ಇದ್ದಲ್ಲೇ ಇರುತ್ತದೆ. ಇಯರ್‌ಬಡ್‌ನಂಥ ಸಣ್ಣ ಸಾಧನಗಳಿಗಾಗಿ ಕಡಿಮೆ ಕರೆಂಟ್ ಮೋಡ್ ಇರುವ ಬ್ಯಾಂಕ್ ಸಿಗುತ್ತವೆ. ಹೆಚ್ಚಿನವುಗಳಲ್ಲಿ ಬಟನ್ ಎರಡು ಸಲ ಒತ್ತಿದರೆ ಆ ಮೋಡ್ ಬರುತ್ತದೆ. ಅಂಥದ್ದನ್ನೇ ಕೊಳ್ಳಿ, ಮನೆಯಲ್ಲಿ ಒಂದು ಗಂಟೆ ಹಾಕಿ ನೋಡಿ, ಆಮೇಲೆ ಬ್ಯಾಗಿಗಿಡಿ. ಕೇಬಲ್ ವಿಷಯದಲ್ಲೂ ಇಂಥದ್ದೇ ಒಂದು ತೊಡಕಿದೆ. ಅಗ್ಗದ ಟೈಪ್-ಸಿ ಅಡಾಪ್ಟರ್‌ಗಳಲ್ಲಿ ಎರಡು ಸಣ್ಣ ರೆಸಿಸ್ಟರ್ ಇರುವುದಿಲ್ಲ, ಹಾಗಾಗಿ ಎರಡೂ ಕಡೆ ಟೈಪ್-ಸಿ ಇರುವ ಕೇಬಲ್‌ನಲ್ಲಿ ಅವು ಚಾರ್ಜೇ ಆಗುವುದಿಲ್ಲ. ಒಂದು ಕಡೆ ಹಳೆಯ ಅಗಲದ ಯುಎಸ್‌ಬಿ ಇರುವ ಕೇಬಲ್ ಇಟ್ಟುಕೊಂಡರೆ ಈ ತಲೆನೋವಿಲ್ಲ. ಕಂಪನಿಯ ಕೇಬಲ್ ಬೇರೆಲ್ಲೂ ಸಿಗದ ಮಾದರಿಯಾದ್ದರಿಂದ ಎರಡು ಬೇಕು: ಒಂದು ಮೈಮೇಲಿನ ಬ್ಯಾಗಲ್ಲಿ, ಇನ್ನೊಂದು ಡ್ರಾಪ್ ಬ್ಯಾಗಲ್ಲಿ, ಅಂದರೆ ಸಂಘಟಕರು ದಾರಿಯ ಕೇಂದ್ರಕ್ಕೆ ಮೊದಲೇ ತಲುಪಿಸುವ ಬ್ಯಾಗಲ್ಲಿ. ಆಯಸ್ಕಾಂತದ ಕೇಬಲ್ ಆದರೆ ಮೇಲೊಂದು ರಬ್ಬರ್ ಬ್ಯಾಂಡ್ ಸುತ್ತಿ, ಇಲ್ಲದಿದ್ದರೆ ನಾಲ್ಕು ಹೆಜ್ಜೆಗೇ ಕಳಚಿಕೊಳ್ಳುತ್ತದೆ.

ಶೇ. 100 ತುಂಬಿಸುವ ಹಟ ಬೇಡ. ಲಿಥಿಯಂ ಬ್ಯಾಟರಿ ಶೇ. 80ರವರೆಗೆ ಬೇಗ ತುಂಬುತ್ತದೆ. ಅಲ್ಲಿಂದಾಚೆ ಕರೆಂಟ್ ತಗ್ಗುತ್ತಾ ಹೋಗುವುದರಿಂದ ಕೊನೆಯ ಭಾಗ ಆಮೆಯ ನಡಿಗೆ. ಶೇ. 20-30ಕ್ಕೆ ಇಳಿದಾಗ ಹಾಕಿ, 80ಕ್ಕೆ ತೆಗೆಯಿರಿ. ನಮ್ಮ ವಾಚ್‌ಗೆ ಇದಕ್ಕೆ 40ರಿಂದ 45 ನಿಮಿಷ ಬೇಕು. ಕಾಲು ತೊಳೆದು, ಬೊಬ್ಬೆಗೆ ಪಟ್ಟಿ ಹಾಕಿ, ಒಂದು ತಟ್ಟೆ ಮೊಸರನ್ನ ಮುಗಿಸುವಷ್ಟರಲ್ಲಿ ಆಯಿತು. ಚಾರ್ಜಿಂಗ್ ಪಿನ್ ವಾಚಿನ ಬೆನ್ನಲ್ಲಿದ್ದರೆ ಕೈಗೆ ಕಟ್ಟಿಕೊಂಡು ಚಾರ್ಜ್ ಮಾಡಲಾಗದು. ಆಗ ಬ್ಯಾಗಿನ ಭುಜದ ಪಟ್ಟಿಗೆ ಪರದೆ ಮೇಲಕ್ಕೆ ಬರುವಂತೆ ಕಟ್ಟಿ. ಆಕಾಶ ಕಾಣುತ್ತಿದ್ದರೆ ಜಿಪಿಎಸ್ ಹಿಡಿಯುತ್ತದೆ, ಹೃದಯ ಬಡಿತ ಮಾತ್ರ ಬರುವುದಿಲ್ಲ. ಬೆವರಿದ್ದಾಗ ಪಿನ್‌ಗೆ ಕೇಬಲ್ ಸಿಕ್ಕಿಸಬೇಡಿ. ಉಪ್ಪುನೀರು ಮತ್ತು ಕರೆಂಟ್ ಸೇರಿದರೆ ಪಿನ್ ಹಸಿರುಗಟ್ಟಿ ಸವೆಯುತ್ತದೆ. ಕುಡಿಯುವ ನೀರಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ, ಆಮೇಲೆ ಹಾಕಿ. ಮಂಡ್ಯದ ಏಪ್ರಿಲ್ ಬಿಸಿಲಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಚಾರ್ಜ್‌ಗಿಟ್ಟರೆ ವಾಚ್ ಚಾರ್ಜ್ ತೆಗೆದುಕೊಳ್ಳುವುದನ್ನೇ ನಿಲ್ಲಿಸಬಹುದು, ಲಿಥಿಯಂ ಬ್ಯಾಟರಿಗೆ 45 ಡಿಗ್ರಿ ದಾಟಿದ ಶಾಖದಲ್ಲಿ ಚಾರ್ಜಿಂಗ್ ಸಲ್ಲದು. ನೆರಳಲ್ಲಿಡಿ. ಇನ್ನೊಂದು ಮಾತು: ವಾಚ್ ಚಾರ್ಜ್‌ನಲ್ಲಿದ್ದಾಗ ಅದರ ಕಂಪನದ ಅಲಾರಂ ನಿಮ್ಮನ್ನು ಎಬ್ಬಿಸುವುದಿಲ್ಲ. ನಿದ್ದೆಗೆ ಫೋನಿನ ಅಲಾರಂ ಇಡಿ.

ಜಿಪಿಎಸ್ ಮೋಡ್ ಆಯ್ಕೆ ಇದರಷ್ಟು ದೊಡ್ಡ ವಿಷಯವಲ್ಲ, ಆದರೂ ಒಂದು ತಪ್ಪು ಮಾಡಬಾರದು. ಬ್ಯಾಟರಿ ಉಳಿಸಲು ಒಂದೆರಡು ನಿಮಿಷಕ್ಕೊಮ್ಮೆ ಮಾತ್ರ ಸ್ಥಳ ಗುರುತಿಸುವ ಮೋಡ್ ಇರುತ್ತದಲ್ಲ, ಅದು ತಿರುವಿನ ದಾರಿಗೆ ಆಗಿಬರುವುದಿಲ್ಲ. ಗಂಟೆಗೆ 8 ಕಿ.ಮೀ. ವೇಗದಲ್ಲಿ ಒಂದು ನಿಮಿಷಕ್ಕೆ 133 ಮೀಟರ್ ಸಾಗುತ್ತೀರಿ. ಬೆಟ್ಟದ ರಸ್ತೆಯಲ್ಲಿ ಅಷ್ಟರಲ್ಲಿ ಒಂದು ತಿರುವು ಮುಗಿದಿರುತ್ತದೆ, ವಾಚ್ ಅದನ್ನು ನೇರ ಗೆರೆ ಎಳೆದು ಕತ್ತರಿಸುತ್ತದೆ, ದೂರ ಕಡಿಮೆ ತೋರಿಸುತ್ತದೆ. ನೇರಕ್ಕೆ ಹೋಗುವ ನಾಲೆ ಏರಿ ಮೇಲೆ ಅದೇ ಮೋಡ್ ಹೆಚ್ಚು ತಪ್ಪುವುದಿಲ್ಲ. ಎಲ್1, ಎಲ್5 ಎಂಬ ಎರಡೂ ಬ್ಯಾಂಡ್ ಹಿಡಿಯುವ ಮೋಡ್ ಬಂಡೆಗೋಡೆ, ಎತ್ತರದ ಕಟ್ಟಡಗಳ ಪಕ್ಕದಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಕಬ್ಬಿನ ಗದ್ದೆಗಳ ನಡುವಿನ ತೆರೆದ ಆಕಾಶದಲ್ಲಿ ಅದು ಬ್ಯಾಟರಿಗೆ ದಂಡ. ನಮ್ಮ ಶಿಫಾರಸು: ಒಂದು ಬ್ಯಾಂಡ್, ಸೆಕೆಂಡಿಗೊಂದು ಬಿಂದು, ಮೊದಲಿನಿಂದ ಕೊನೆಯವರೆಗೆ ಒಂದೇ ಮೋಡ್.

ನಮ್ಮ ಭಾಗಕ್ಕೇ ಸೇರಿದ ಒಂದು ಸಂಗತಿ ಇದೆ. ಮೈಸೂರು 12 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿದೆ, ಭೂಕಾಂತೀಯ ಸಮಭಾಜಕಕ್ಕೆ ಹತ್ತಿರ. ಇಂಥ ಕಡೆ ಸೂರ್ಯ ಮುಳುಗಿದ ಮೇಲೆ ಅಯಾನುಗೋಳ, ಅಂದರೆ ಉಪಗ್ರಹದ ಸಿಗ್ನಲ್ ಹಾದು ಬರುವ ವಾತಾವರಣದ ಮೇಲಿನ ವಿದ್ಯುತ್ ಕಣಗಳ ಪದರ, ಕಲಕುತ್ತದೆ. ಮಾರ್ಚ್-ಏಪ್ರಿಲ್ ಮತ್ತು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ, ಅದರಲ್ಲೂ ಸೂರ್ಯನ ಚಟುವಟಿಕೆ ಜೋರಾಗಿರುವ ವರ್ಷಗಳಲ್ಲಿ ಇದು ಹೆಚ್ಚು. ಆ ತಿಂಗಳುಗಳಲ್ಲಿ ರಾತ್ರಿ ಎಂಟರಿಂದ ಹನ್ನೊಂದರ ನಡುವೆ ತೆರೆದ ಬಯಲಲ್ಲೂ ದಾರಿಯ ಗೆರೆ ಅಲುಗಾಡಿದರೆ ವಾಚ್ ಕೆಟ್ಟಿದೆ ಅಂತ ಗಾಬರಿಯಾಗಬೇಡಿ.

ಫೋನ್ ಸಿಗ್ನಲ್ ಇಲ್ಲದ ಊರಿನ ಸ್ಪರ್ಧೆಗಳಲ್ಲಿ, ಉದಾಹರಣೆಗೆ ಲಡಾಖ್‌ನ ಕೆಲವು ಕಡೆ, ಪ್ರತಿದಿನ ಬೆಳಿಗ್ಗೆ ಉಪಗ್ರಹ ಹಿಡಿಯಲು ತಡವಾಗುತ್ತದೆ. ಫೋನಿನ ಮೂಲಕ ಬರುವ ಉಪಗ್ರಹ ಪಥದ ಮಾಹಿತಿ ಹಳತಾದರೆ ವಾಚ್ ಅದನ್ನು ಆಕಾಶದಿಂದಲೇ ಇಳಿಸಿಕೊಳ್ಳಬೇಕು, ಅದು ಸೆಕೆಂಡಿಗೆ 50 ಬಿಟ್ ವೇಗದಲ್ಲಿ ಬರುವಂಥದ್ದು. ಊರು ಬಿಡುವ ಹಿಂದಿನ ರಾತ್ರಿ ಸಿಂಕ್ ಮಾಡಿ. ಸ್ಪರ್ಧೆ ಶುರುವಾಗುವ ಐದು ನಿಮಿಷ ಮುಂಚೆ ಬಯಲಲ್ಲಿ ಅಲ್ಲಾಡದೆ ನಿಲ್ಲಿ.

ಎತ್ತರದ ಲೆಕ್ಕ ವಾಯುಭಾರದಿಂದ ಬರುತ್ತದೆ. ಮೈಸೂರಿನ ಮಟ್ಟದಲ್ಲಿ 1 ಹೆಕ್ಟೊಪ್ಯಾಸ್ಕಲ್ (ಒತ್ತಡದ ಅಳತೆ) ಬದಲಾವಣೆ ಅಂದರೆ ಸುಮಾರು 9.5 ಮೀಟರ್. ಉಷ್ಣವಲಯದಲ್ಲಿ ಒತ್ತಡ ದಿನಕ್ಕೆ ಎರಡು ಸಲ ಏರಿ ಇಳಿಯುತ್ತದೆ: ಬೆಳಿಗ್ಗೆ ಹತ್ತರ ಹೊತ್ತಿಗೆ ಹೆಚ್ಚು, ಸಂಜೆ ನಾಲ್ಕಕ್ಕೆ ಕಡಿಮೆ, ನಡುವಿನ ವ್ಯತ್ಯಾಸ ಮೂರು ಹೆಕ್ಟೊಪ್ಯಾಸ್ಕಲ್ ಆಸುಪಾಸು. ಹಾಗಾಗಿ ಒಂದೇ ಜಾಗದಲ್ಲಿ ಕೂತಿದ್ದರೂ ಸಂಜೆಗೆ ವಾಚ್ ಸುಮಾರು 30 ಮೀಟರ್ ಮೇಲೆ ಹತ್ತಿಸಿರುತ್ತದೆ. ಸ್ವಯಂ ಕ್ಯಾಲಿಬ್ರೇಷನ್ ಇದನ್ನು ಪೂರ್ತಿ ಸರಿಪಡಿಸುವುದಿಲ್ಲ. ಎತ್ತರ ಗೊತ್ತಿರುವ ಜಾಗದಲ್ಲಿ ಕೈಯಾರೆ ಹೊಂದಿಸುವುದು ಮೇಲು. ರೈಲು ನಿಲ್ದಾಣದ ಹಳದಿ ಬೋರ್ಡಿನಲ್ಲಿ ಊರ ಹೆಸರಿನ ಕೆಳಗೆ ಸಮುದ್ರಮಟ್ಟದಿಂದ ಎತ್ತರ ಬರೆದಿರುತ್ತಾರೆ, ಅದಕ್ಕಿಂತ ಸುಲಭದ ಗುರುತು ಇನ್ನೊಂದಿಲ್ಲ. ಎತ್ತರ ಇದ್ದಕ್ಕಿದ್ದಂತೆ ನೂರು ಮೀಟರ್ ಜಿಗಿದರೆ, ಇಲ್ಲವೇ ಮೆಟ್ಟಿಲು ಹತ್ತುತ್ತಿದ್ದರೂ ಅಲ್ಲಾಡದಿದ್ದರೆ, ಸೆನ್ಸರ್ ರಂಧ್ರದಲ್ಲಿ ಬೆವರಿನ ಉಪ್ಪು ಅಥವಾ ಸನ್‌ಸ್ಕ್ರೀನ್ ಕಟ್ಟಿದೆ ಅಂತ ಅರ್ಥ. ಉಗುರುಬೆಚ್ಚಗಿನ ನೀರಲ್ಲಿ ಹತ್ತು ನಿಮಿಷ ನೆನೆಸಿ, ಜಾಡಿಸಿ. ಸೂಜಿ, ಪಿನ್ನು ತೂರಿಸಿದರೆ ಒಳಗಿನ ಪೊರೆ ಹರಿಯುತ್ತದೆ.

ಮಣಿಕಟ್ಟಿನ ಹೃದಯ ಬಡಿತದ ಮೇಲೆ ಎರಡನೇ ದಿನದಿಂದ ಭರವಸೆ ಬೇಡ. ಕೈ ಊದಿಕೊಳ್ಳುತ್ತದೆ, ಪಟ್ಟಿ ಸಡಿಲಿಸಿದರೆ ಬೆಳಕು ನುಸುಳುತ್ತದೆ, ಸೆನ್ಸರ್ ಬಡಿತದ ಬದಲು ಹೆಜ್ಜೆಯ ಲಯ ಹಿಡಿದು 170 ಅಂತ ತೋರಿಸುತ್ತದೆ. ಅಷ್ಟರ ಹೊತ್ತಿಗೆ ವೇಗವೂ ನಡಿಗೆಗೆ ಇಳಿದಿರುವುದರಿಂದ ಅದನ್ನು ಆಫ್ ಮಾಡಿ ಬ್ಯಾಟರಿ ಉಳಿಸುವುದೇ ಸರಿ.

ಸೆಟ್ಟಿಂಗ್ ಇಷ್ಟು. ನಿಂತಾಗ ರೆಕಾರ್ಡಿಂಗ್ ತಾನಾಗಿ ನಿಲ್ಲಿಸುವ ಆಟೋ ಪಾಜ್ ಆಫ್, ಯಾಕೆಂದರೆ ಕಟ್-ಆಫ್ ಸಮಯ (ಸ್ಪರ್ಧೆ ಮುಗಿಸಲು ಕೊಟ್ಟ ಗಡುವು) ನೀವು ಕೂತಾಗಲೂ ಓಡುತ್ತಿರುತ್ತದೆ. ಟಚ್ ಆಫ್, ಬೆವರು ಮಳೆ ಎರಡೂ ಬೆರಳಿನಂತೆ ಒತ್ತುತ್ತವೆ. ಫೋನ್ ನೋಟಿಫಿಕೇಶನ್ ಆಫ್. ಪ್ರತಿ ಕಿಲೋಮೀಟರಿನ ಆಟೋ ಲ್ಯಾಪ್ ತೆಗೆದು, ಪ್ರತಿ ನೆರವು ಕೇಂದ್ರದಲ್ಲಿ ಕೈಯಾರೆ ಲ್ಯಾಪ್ ಒತ್ತಿ. ಆಗ ಲ್ಯಾಪ್ ದೂರ ನೋಡಿದರೆ ಮುಂದಿನ ಕೇಂದ್ರಕ್ಕೆ ಎಷ್ಟು ಉಳಿದಿದೆ ಅಂತ ಗೊತ್ತಾಗುತ್ತದೆ, ಹಿಂದಿನ ಐವತ್ತು ಕಿಲೋಮೀಟರಿನಲ್ಲಿ ಕೂಡಿಕೊಂಡ ತಪ್ಪು ಲೆಕ್ಕಕ್ಕೆ ಬರುವುದಿಲ್ಲ. ಮುಖ್ಯ ಪರದೆಯಲ್ಲಿ ಗಡಿಯಾರದ ಸಮಯ, ಲ್ಯಾಪ್ ದೂರ, ಒಟ್ಟು ಸಮಯ, ಬ್ಯಾಟರಿ ಶೇಕಡಾ, ನಾಲ್ಕೇ ಸಾಕು. 30 ನಿಮಿಷಕ್ಕೊಂದು ಊಟದ ಎಚ್ಚರಿಕೆ ಇಡಿ. ಇಡೀ ವಾಚಿನಲ್ಲಿ ನಾವು ಬಿಟ್ಟುಕೊಡಲು ಒಪ್ಪದ ಸೌಲಭ್ಯ ಇದೊಂದೇ. ಎರಡನೇ ರಾತ್ರಿ ಹಸಿವು ಗೊತ್ತಾಗುವುದಿಲ್ಲ. ಕೈ ಝುಂ ಅಂದಾಗ ಒಂದು ತುಂಡು ಬೆಲ್ಲ, ಒಂದು ಬೇಯಿಸಿದ ಆಲೂಗಡ್ಡೆ ಬಾಯಿಗೆ ಹಾಕಿಕೊಂಡರೆ ಮೈ ಕೈಕೊಡುವುದಿಲ್ಲ.

ಟ್ರ್ಯಾಕ್ ಮೇಲೆ ನಡೆಯುವ 24 ಗಂಟೆ ಓಟದ ಕಥೆ ಬೇರೆ. ಮೊದಲ ಲೇನ್ 400 ಮೀಟರ್, ಎರಡನೆಯದು 407. ವಾಚಿನ ಟ್ರ್ಯಾಕ್ ಮೋಡ್‌ಗೆ ಲೇನ್ ಸಂಖ್ಯೆ ಕೊಟ್ಟು ಮೊದಲ ಕೆಲವು ಸುತ್ತು ಲೇನ್ ಬಿಡದೆ ಓಡಿದರೆ ಸರಿ ಹೋಗುತ್ತದೆ. ಯಾರನ್ನಾದರೂ ಹಿಂದಿಕ್ಕಲು ಪಕ್ಕಕ್ಕೆ ಸರಿದಾಗ ನೀವು ಹೆಚ್ಚು ಓಡಿರುತ್ತೀರಿ, ಆದರೆ ಸಂಘಟಕರು ಓಟಗಾರರಿಗೆ ಕಟ್ಟುವ ಚಿಪ್ ಎಣಿಸುವುದು ಸುತ್ತು ಮಾತ್ರ. ಜಗಳಕ್ಕೆ ಹೋಗಬೇಡಿ, ಚಿಪ್ಪೇ ಕೊನೆ. ಒಬ್ಬರೇ ಉಳಿಯುವವರೆಗೆ ಪ್ರತಿ ಗಂಟೆಗೊಂದು ಸುತ್ತು ಓಡುವ ಬ್ಯಾಕ್‌ಯಾರ್ಡ್ ಓಟದಲ್ಲಿ 6.706 ಕಿ.ಮೀ. ಸುತ್ತು ಮುಗಿಸಿ ಉಳಿದ ಐದಾರು ನಿಮಿಷದಲ್ಲಿ ಚಾರ್ಜ್ ಹಾಕುತ್ತಾ ಹೋದರೆ ಬ್ಯಾಟರಿ ಯೋಚನೆಯೇ ಇಲ್ಲ.

ದಿನಕ್ಕೊಂದು ಹಂತ ಇರುವ ಸ್ಪರ್ಧೆಯಲ್ಲಿ ದಿನಕ್ಕೊಂದು ಫೈಲ್ ಉಳಿಸಿ. ನಿಲ್ಲದ ಓಟದಲ್ಲಿ 72 ಗಂಟೆಗೆ ಸೆಕೆಂಡಿಗೊಂದರಂತೆ 2,59,200 ಬಿಂದು ಸೇರುತ್ತವೆ. ಹಳೆಯ ಚಟುವಟಿಕೆಗಳನ್ನು ಮೊದಲೇ ಅಳಿಸಿ ಜಾಗ ಮಾಡಿಕೊಳ್ಳಿ. ಓಟ ಮುಗಿದ ಮೇಲೆ ವಾಚ್ ಹೇಳುವ ಚೇತರಿಕೆ ಗಂಟೆ, ವಿಒ2 ಮ್ಯಾಕ್ಸ್ (ಮೈ ಗರಿಷ್ಠ ಎಷ್ಟು ಆಮ್ಲಜನಕ ಬಳಸಬಲ್ಲದು ಎಂಬ ಅಂದಾಜು) ಇವುಗಳನ್ನು ಎರಡು ವಾರ ನೋಡಬೇಡಿ. ಅವು ಒಂದೆರಡು ಗಂಟೆಯ ಓಟಕ್ಕೆ ಹೊಂದುವ ಲೆಕ್ಕಗಳು.

ಸವೆತದ ವಿಷಯ: ಸಿಲಿಕಾನ್ ಪಟ್ಟಿ ಮೂರನೇ ವರ್ಷ ಪಿನ್ನಿನ ಪಕ್ಕದಲ್ಲಿ ಬಿರಿಯಿತು. ನೈಲಾನ್ ಪಟ್ಟಿ ಹಗುರ, ಊದಿದ ಕೈಗೆ ಎಷ್ಟು ಬೇಕೋ ಅಷ್ಟಕ್ಕೆ ಸಡಿಲಿಸಬಹುದು, ಚರ್ಮವೂ ಕೆಂಪಾಗುವುದಿಲ್ಲ. ಬೆವರಿನ ಉಪ್ಪಿಗೆ ಗಟ್ಟಿಯಾದ ಬಟನ್ ಅನ್ನು ನಲ್ಲಿ ನೀರಿನ ಕೆಳಗೆ ಹತ್ತಿಪ್ಪತ್ತು ಸಲ ಒತ್ತಿದರೆ ಬಿಡುತ್ತದೆ. ಬ್ಯಾಟರಿ ಬದಲಾವಣೆ ಸುಲಭವಲ್ಲ, ಒಳಭಾಗ ಅಂಟು ಹಾಕಿ ಮುಚ್ಚಿರುತ್ತದೆ. ಬಿಚ್ಚಿಸಿದರೆ ನೀರು ತಡೆಯುವ ಗುಣ ಹೋಗುವ ಅಪಾಯವಿದೆ.

ಹೊಸದಕ್ಕೆ ಹಣ ಸಾಲದೆ ಸೆಕೆಂಡ್ ಹ್ಯಾಂಡ್ ನೋಡುವವರು ಮಾರುವವರನ್ನು ಬೆಟ್ಟದ ಪಾದಕ್ಕೆ ಕರೆಯಿರಿ. ಪೂರ್ತಿ ಚಾರ್ಜ್ ಆದ ವಾಚನ್ನು ಕಟ್ಟಿಕೊಂಡು ಮೆಟ್ಟಿಲಲ್ಲಿ ಹತ್ತಿ, ಅದೇ ಮೆಟ್ಟಿಲಲ್ಲಿ ಇಳಿಯಿರಿ. ಹೊರಟ ಜಾಗದಲ್ಲೇ ಎತ್ತರ ಹತ್ತು ಮೀಟರಿಗಿಂತ ಹೆಚ್ಚು ವ್ಯತ್ಯಾಸ ತೋರಿಸಿದರೆ ಸೆನ್ಸರ್ ತೊಳೆದು ಮತ್ತೆ ನೋಡಬೇಕು. ಬ್ಯಾಟರಿ ಗಂಟೆಗೆ ಶೇ. 4ಕ್ಕಿಂತ ಹೆಚ್ಚು ಇಳಿದಿದ್ದರೆ ಬೆಲೆ ಎಷ್ಟೇ ಕಡಿಮೆ ಇರಲಿ, ವಾಪಸ್ ಕೊಟ್ಟುಬಿಡಿ.