ಡ್ರೈವರ್, ಬಲೆ, ವಿಡಿಯೊ ಕೋಚ್, ಮರಳಿನ ಗೆರೆ: ಕಾರವಾರದ ಸಾದಾ ಗಾಲ್ಫರ್ ಒಬ್ಬನ ಲೆಕ್ಕ

ಗಾಲ್ಫ್ ಆಟ ಸುಧಾರಿಸಲು ನಾಲ್ಕು ದಾರಿ ಹಿಡಿದು ನೋಡಿದೆ. ಫಲಿತಾಂಶ ಮೊದಲೇ ಹೇಳಿಬಿಡುತ್ತೇನೆ. ಗೆದ್ದದ್ದು ಕಾರವಾರದ ಕಡಲತೀರದಲ್ಲಿ ಕಾಲಿನಿಂದ ಎಳೆದ ಒಂದು ಗೆರೆ. ಖರ್ಚು ಸೊನ್ನೆ. ಸೋತದ್ದು 14,500 ರೂಪಾಯಿ ಕೊಟ್ಟು ತರಿಸಿದ ಡ್ರೈವರ್, ಅಂದರೆ ಚೆಂಡನ್ನು ದೂರ ಹೊಡೆಯುವ ಗಾಲ್ಫ್ ಕೋಲು. ನಡುವೆ ಇನ್ನೆರಡು ಇವೆ: ಹಿತ್ತಲಿನಲ್ಲಿ ಕಟ್ಟಿದ ಮೀನಿನ ಬಲೆ, ಫೋನಿನಲ್ಲಿ ಸಿಗುವ ಕೋಚ್. ನಾಲ್ಕನ್ನೂ ಮಾಡಿ ನೋಡಲು ಒಂದೂವರೆ ವರ್ಷ ಹಿಡಿಯಿತು.

ನನ್ನ ಕತೆ ಚಿಕ್ಕದು. ಪುಣೆಯಲ್ಲಿ ಕೆಲಸದಲ್ಲಿದ್ದಾಗ ಜೊತೆಯವರೊಬ್ಬರು ಈ ಆಟದ ರುಚಿ ಹತ್ತಿಸಿದರು. ಆಮೇಲೆ ಊರಿಗೆ ಬಂದು ನಲ್ಲಿ, ಪೈಪು ಮಾರುವ ಅಂಗಡಿ ಇಟ್ಟೆ. ಈಗ ತಿಂಗಳಿಗೊಂದು ಭಾನುವಾರ ಕಾಳಿ ಸೇತುವೆ ದಾಟಿ, ಮಾಜಾಳಿ ದಾಟಿ, ಗೋವಾದ ಕಾಣಕೋಣಕ್ಕೆ ಹೋಗುತ್ತೇನೆ. ಅಲ್ಲಿ ರಾಜಬಾಗ್‌ನಲ್ಲಿ ಸಮುದ್ರದ ಮಗ್ಗುಲಿಗೇ 9 ಹೋಲ್‌ಗಳ (ಚೆಂಡು ಬೀಳಿಸುವ ಗುಂಡಿಗಳ) ಮೈದಾನ ಇದೆ. ನಮ್ಮೂರಿನವರು ಗಡಿ ದಾಟುವುದು ಯಾಕೆ ಅಂತ ಎಲ್ಲರಿಗೂ ಗೊತ್ತು. ಒಮ್ಮೆ ವಾಪಸ್ ಬರುವಾಗ ತಪಾಸಣೆಯವರು ನನ್ನ ಉದ್ದನೆ ಬ್ಯಾಗ್ ತೆರೆಸಿ, ಒಂದೊಂದೇ ಕ್ಲಬ್ (ಚೆಂಡು ಹೊಡೆಯುವ ಕೋಲು) ಹೊರಗೆ ಇಡಿಸಿ, ತಳದವರೆಗೂ ಕೈ ಹಾಕಿ ನೋಡಿದರು. ಸಿಕ್ಕಿದ್ದು ಬಾಳೆಹಣ್ಣಿನ ಸಿಪ್ಪೆ.

ಈ ಒದ್ದಾಟ ಶುರುವಾದದ್ದು ಒಂದು ಒಳ್ಳೆಯ ದಿನದಿಂದ. ಆಗಿನ ಐದು ಭಾನುವಾರ 9 ಹೋಲ್‌ಗೆ ನಾನು ಹೊಡೆದದ್ದು ಹೀಗೆ: 49, 63, 55, 66, 52. ಈ ಆಟದಲ್ಲಿ ಹೊಡೆತ ಕಡಿಮೆಯಾದಷ್ಟೂ ಒಳ್ಳೆಯದು. ಆ 49 ಇದೆಯಲ್ಲ, ಅದೇ ನನ್ನನ್ನು ಕೆಡಿಸಿತು. ಅಂದು ಮನೆಗೆ ಬಂದು ಹೆಂಡತಿಗೆ ‘ಆಟ ಕೈಗೆ ಹತ್ತಿತು, ಇನ್ನು ಹೀಗೇ’ ಅಂದಿದ್ದೆ. ಮುಂದಿನ ತಿಂಗಳು 63. ಆವತ್ತಿನಿಂದ 49 ಬಂದರೆ ಅದು ನಾನು, ಬೇರೆ ಏನು ಬಂದರೂ ಗಾಳಿ, ಬಿಸಿಲು, ಕ್ಲಬ್ಬು ಅಂತ ನೆಪ ಹುಡುಕತೊಡಗಿದೆ. ಕ್ಲಬ್ಬಿನ ಮೇಲೆ ತಪ್ಪು ಹಾಕಿದ ಮೇಲೆ ಹೊಸದು ತರಿಸದೆ ಇರಲಿಕ್ಕಾಗುತ್ತದೆಯೇ?

ಹಾಗೆ ಬಂತು ಡ್ರೈವರ್. ಸೆಕೆಂಡ್ ಹ್ಯಾಂಡ್, ಆದರೂ ಹೊಳೆಯುತ್ತಿತ್ತು. ಚೆಂಡು ದೂರ ಹೋಗುತ್ತದೆ ಅಂದಿದ್ದರು, ಅದು ಸುಳ್ಳಲ್ಲ. ಹೋಯಿತು. ಬಲಕ್ಕೆ ಹೋಗುತ್ತಿದ್ದ ಚೆಂಡು ಇನ್ನೂ ದೂರದ ಬಲಕ್ಕೆ ಹೋಯಿತು. ಅಂಗಡಿಯ ಬಿಲ್ ಪುಸ್ತಕದ ಹಿಂದೆ ಲೆಕ್ಕ ಹಾಕಿ ನೋಡಿದೆ. ಚೆಂಡು 5 ಡಿಗ್ರಿ ತಪ್ಪಿ ಹೊರಟರೆ 150 ಮೀಟರ್ ಹೋಗುವಷ್ಟರಲ್ಲಿ ಸುಮಾರು 13 ಮೀಟರ್ ಬದಿಗೆ ಸರಿಯುತ್ತದೆ. 200 ಮೀಟರ್ ಹೋದರೆ 17 ಮೀಟರ್‌ಗೂ ಜಾಸ್ತಿ. ಆ 4 ಮೀಟರ್‌ನಲ್ಲೇ ಹುಲ್ಲು ಮುಗಿದು ಪೊದೆ ಶುರುವಾಗುತ್ತದೆ. ನನ್ನ ತಪ್ಪನ್ನೇ ದೊಡ್ಡದು ಮಾಡಿ ತೋರಿಸುವ ಸಾಮಾನಿಗೆ ನಾನು 14,500 ಕೊಟ್ಟಿದ್ದೆ. ಬೆಂಗಳೂರಿನ ಗಾಲ್ಫರ್ ಅದಿತಿ ಅಶೋಕ್ 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾದರು, ಒಂದೇ ಒಂದು ಹೊಡೆತದಲ್ಲಿ ಪದಕ ತಪ್ಪಿತು. ಡ್ರೈವ್‌ನ ಉದ್ದದಲ್ಲಿ ಅವರು ಎಷ್ಟೋ ಮಂದಿಗಿಂತ ಹಿಂದೆ ಇದ್ದರು, ಆಡಿದ್ದು ಪಟ್ಟರ್ ನಂಬಿ, ಅಂದರೆ ಚೆಂಡನ್ನು ಮೆಲ್ಲಗೆ ಉರುಳಿಸಿ ಗುಂಡಿಗೆ ಹಾಕುವ ಕ್ಲಬ್. ಬೆಳಗಿನ ಜಾವ ಎದ್ದು ಟಿವಿಯಲ್ಲಿ ನೋಡಿದವನು ನಾನೇ. ಆರ್ಡರ್ ಒತ್ತುವಾಗ ನೆನಪಾಗಲಿಲ್ಲ.

ವಿಡಿಯೊ ಕೋಚ್ ವಿಷಯ ಬೇಗ ಮುಗಿಸುತ್ತೇನೆ. ಮೂರು ತಿಂಗಳಿಗೆ 6,000. ನಾವು ಹೊಡೆಯುವುದನ್ನು ಫೋನಿನಲ್ಲಿ ಹಿಡಿದು ಕಳಿಸಬೇಕು, ಅವರು ಅದರ ಮೇಲೆ ಗೆರೆ ಎಳೆದು ತಪ್ಪು ತೋರಿಸಿ ಕಳಿಸುತ್ತಾರೆ. ಕ್ಲಬ್ ಹಿಡಿಯುವ ರೀತಿ ಸರಿಮಾಡಿದರು, ಅದಕ್ಕೆ ಋಣಿ. ಆದರೆ ವಾರಕ್ಕೊಂದು ಹೊಸ ತಿದ್ದುಪಡಿ. ಮೊದಲು ಮೊಣಕಾಲು, ಮುಂದಿನ ವಾರ ಸೊಂಟ, ಅದರ ಮುಂದಿನ ವಾರ ಎಡಗೈ ಮಣಿಕಟ್ಟು. ಚೆಂಡಿನ ಮುಂದೆ ನಿಂತರೆ ತಲೆಯೊಳಗೆ ಇಡೀ ಅಂಗಾಂಗಗಳ ಹಾಜರಿ ಕರೆದಂತೆ. ದಿನಾ ಎರಡು ಗಂಟೆ ಕೊಡಬಲ್ಲವರಿಗೆ ಇದು ಒಳ್ಳೆಯದಿರಬಹುದು. ನನಗೆ ಸಿಗುವುದು ಬೆಳಿಗ್ಗೆ ಅರ್ಧ ಗಂಟೆ.

ಈಗ ಬಲೆ. ಇದರ ಬಗ್ಗೆ ಸ್ವಲ್ಪ ಉದ್ದ ಹೇಳಬೇಕು, ಯಾಕೆಂದರೆ ಇದು ಚೆನ್ನಾಗಿದೆ ಅಂತಲೇ ನಾನು ಎರಡು ತಿಂಗಳು ನಂಬಿಕೊಂಡಿದ್ದೆ.

ಬೈತಖೋಲ ಬಂದರಿನಲ್ಲಿ ಹಳೆ ಬಲೆ ಕೇಳಿದೆ. ಪರಿಚಯದ ಮೀನುಗಾರರು ಚೆಂಡನ್ನು ಕೈಯಲ್ಲಿ ತಿರುಗಿಸಿ ನೋಡಿ, ‘ಸಾಹೇಬ್ರೆ, ಇದು ಬಂಗಡೆ ಅಲ್ಲ. ಇದಕ್ಕೆ ಸಣ್ಣ ಕಣ್ಣಿನ ಬಲೆ ಬೇಕು’ ಅಂದರು. ಗಾಲ್ಫ್ ಚೆಂಡಿನ ಅಡ್ಡಳತೆ 42.67 ಮಿಲಿಮೀಟರ್‌ಗಿಂತ ಕಡಿಮೆ ಇರಬಾರದು ಅಂತ ನಿಯಮ. ಹಾಗಾಗಿ ಬಲೆಯ ಕಣ್ಣು ಅದಕ್ಕಿಂತ ಸಣ್ಣದಿರಬೇಕು. ಟ್ರಾಲ್ ಬಲೆಯ ಬಾಲದ ಕಡೆಯ ದಪ್ಪ ದಾರದ ತುಂಡು ಕೊಟ್ಟರು, 600 ರೂಪಾಯಿ. ಎರಡು ಬಿದಿರು ಗಳ ನೆಟ್ಟು ಕಟ್ಟಿದೆ. ಬಿಗಿಯಾಗಿ ಕಟ್ಟಬೇಡಿ, ಚೆಂಡು ತಿರುಗಿ ನಿಮಗೇ ಬರುತ್ತದೆ. ಸಡಿಲ ಬಿಟ್ಟರೆ ಬಲೆ ಹೊಟ್ಟೆ ಉಬ್ಬಿಸಿ ಚೆಂಡನ್ನು ಬುಡಕ್ಕೆ ಬೀಳಿಸುತ್ತದೆ. ಒಣಮೀನಿನ ವಾಸನೆ ಹದಿನೈದು ದಿನ ಇತ್ತು. ಪಕ್ಕದ ಮನೆಯ ಬೆಕ್ಕುಗಳು ನನ್ನ ಮೊದಲ ಪ್ರೇಕ್ಷಕರು.

ಬಲೆಯ ತಪ್ಪೇನೂ ಇಲ್ಲ. ಕೆಟ್ಟದ್ದು ಚಾಪೆ.

ಹಿತ್ತಲ ಕೆಂಪು ಮಣ್ಣಿನಲ್ಲಿ ಹೊಡೆದರೆ ಹೊಂಡ ಬೀಳುತ್ತದೆ ಅಂತ 3,800 ಕೊಟ್ಟು ಹಸಿರು ಪ್ಲಾಸ್ಟಿಕ್ ಹುಲ್ಲಿನ ಚಾಪೆ ತರಿಸಿದೆ. ಕೆಳಗೆ ಗಟ್ಟಿ ರಬ್ಬರ್. ಅದರ ಮೇಲಿಟ್ಟು ಹೊಡೆದರೆ ಎಂಥಾ ಸದ್ದು! ಟಪ್, ಟಪ್ ಅಂತ ಪ್ರತಿಯೊಂದೂ ಸರಿಯಾಗಿ ಕೂತಂತೆ. ದಿನಕ್ಕೆ 60 ಚೆಂಡು, ಅದರಲ್ಲಿ 50 ಚೆನ್ನಾಗಿ ಹೋಗುತ್ತಿವೆ ಅಂತ ನನ್ನ ಲೆಕ್ಕ. ಎದುರಿಗೆ ಬಲೆ, ಆರು ಹೆಜ್ಜೆ ದೂರ. ಚೆಂಡು ನಿಜಕ್ಕೂ ಎಲ್ಲಿಗೆ ಹೋಗುತ್ತಿತ್ತು ಅಂತ ಹೇಳುವವರು ಯಾರೂ ಇಲ್ಲ.

ಎರಡು ತಿಂಗಳ ಮೇಲೆ ಕಾಣಕೋಣಕ್ಕೆ ಹೋದೆ. ಮೂರನೇ ಹೋಲ್‌ನಲ್ಲಿ 7 ನಂಬರ್ ಐರನ್ (ಲೋಹದ ಚಪ್ಪಟೆ ತಲೆಯ ಕ್ಲಬ್) ತೆಗೆದೆ, ಮನೆಯಲ್ಲಿ ಹೊಡೆದ ಹಾಗೇ ಹೊಡೆದೆ. ಹುಲ್ಲಿನ ದೊಡ್ಡ ಹೆಂಟೆ ಎದ್ದು ಮುಂದೆ ಬಿತ್ತು. ಚೆಂಡು ಅದರ ಹಿಂದೆ, ಇಪ್ಪತ್ತು ಹೆಜ್ಜೆಗೆ ನಿಂತಿತು. ಮಣ್ಣು ಚೆಂಡಿಗಿಂತ ಮುಂದೆ ಹೋಗಿತ್ತು. ಆ ದಿನ ಹಾಗೆ ಐದಾರು ಸಲ ಆಯಿತು.

ಕಾರಣ ತಿಳಿಯಲು ಇನ್ನೂ ಒಂದು ತಿಂಗಳು ಬೇಕಾಯಿತು. ಐರನ್ನಿನಲ್ಲಿ ಮೊದಲು ಚೆಂಡಿಗೆ ತಾಗಬೇಕು, ಆಮೇಲೆ ನೆಲಕ್ಕೆ. ನಾನು ಒಂದೆರಡು ಇಂಚು ಹಿಂದೆಯೇ ನೆಲಕ್ಕೆ ಹೊಡೆಯುತ್ತಿದ್ದೆ. ನಿಜವಾದ ಹುಲ್ಲಾದರೆ ಕ್ಲಬ್ ಮಣ್ಣಿಗೆ ಹೂತು, ವೇಗ ಅಲ್ಲೇ ಸಾಯುತ್ತದೆ. ಗಾಲ್ಫ್‌ನವರು ಇದನ್ನು ‘ಫ್ಯಾಟ್’ ಹೊಡೆಯುವುದು ಅನ್ನುತ್ತಾರೆ. ಗಟ್ಟಿ ಚಾಪೆಯಲ್ಲಿ ಹೂಳುವುದಕ್ಕೆ ಜಾಗವೇ ಇಲ್ಲ. ಕ್ಲಬ್ಬಿನ ತಳ ಜಾರಿಕೊಂಡು ಬಂದು ಚೆಂಡಿಗೆ ತಾಗುತ್ತದೆ, ಸದ್ದೂ ಚೆನ್ನಾಗಿ ಬರುತ್ತದೆ. ಅಂದರೆ ದಿನಕ್ಕೆ 60 ಸಲ ನಾನು ತಪ್ಪು ಮಾಡುತ್ತಿದ್ದೆ, ಚಾಪೆ 60 ಸಲವೂ ಭೇಷ್ ಅನ್ನುತ್ತಿತ್ತು. ನಮ್ಮ ಅಂಗಡಿಗೆ ಬರುವ ಕೆಲವು ಪ್ಲಂಬರ್‌ಗಳು ಹೀಗೇ. ಸೋರುವ ಜಾಯಿಂಟ್ ಮೇಲೆ ಟೇಪ್ ಸುತ್ತಿ, ನೋಡಿ ನಿಂತಿತು ಅನ್ನುತ್ತಾರೆ.

ಅಷ್ಟಕ್ಕೇ ಮುಗಿಯಲಿಲ್ಲ. ರಬ್ಬರಿಗೆ ಬಡಿದು ಬಡಿದು ಬಲ ಮೊಣಕೈಯ ಒಳಬದಿ ನೋವು ಹಿಡಿಯಿತು. ಶಟರ್ ಎತ್ತಲಿಕ್ಕೂ ಆಗದ ಹಾಗೆ. ಡಾಕ್ಟರರು ಒತ್ತಿ ನೋಡಿ, ಇದಕ್ಕೆ ‘ಗಾಲ್ಫರ್ಸ್ ಎಲ್ಬೋ’ ಅಂತಲೇ ಹೆಸರು ಅಂದರು. ಆಟ ಬರದಿದ್ದರೂ ಕಾಯಿಲೆ ಮಾತ್ರ ಸರಿಯಾದದ್ದೇ ಬಂತು. ಮೂರು ವಾರ ಕ್ಲಬ್ ಮುಟ್ಟಲಿಲ್ಲ.

ಆ ಮೂರು ವಾರ ಬೆಳಿಗ್ಗೆ ಸುಮ್ನೆ ಕಡಲತೀರದಲ್ಲಿ ನಡೆಯುತ್ತಿದ್ದೆ. ನೀರು ಇಳಿದ ಮೇಲಿನ ಒದ್ದೆ ಮರಳು, ಕಾಲಿಟ್ಟರೆ ಹೆಜ್ಜೆ ಅಷ್ಟೇ ಮೂಡುತ್ತದೆ, ಹೂಳುವುದಿಲ್ಲ. ಮೈದಾನದ ಬಂಕರ್ ಅನ್ನುವ ಮರಳುಗುಂಡಿಯಲ್ಲಿ ಗೆರೆ ಎಳೆದು ಅಭ್ಯಾಸ ಮಾಡುವುದನ್ನು ಪುಣೆಯಲ್ಲಿ ನೋಡಿದ್ದು ಆಗ ನೆನಪಾಯಿತು. ಕೈ ಸರಿಯಾದ ಮೇಲೆ ಹಳೆಯ ಒಂದು 8 ನಂಬರ್ ಐರನ್ ಹಿಡಿದು ಹೋದೆ. ಯುದ್ಧನೌಕೆ ಮ್ಯೂಸಿಯಂ ದಾಟಿ, ಜನ ಇಲ್ಲದ ಕಡೆ. ಚೆಂಡು ಒಯ್ಯಲಿಲ್ಲ. ಮಕ್ಕಳು, ನಾಯಿ, ದೋಣಿ ಇರುವ ಕಡೆ ಚೆಂಡು ಹೊಡೆಯುವುದು ತಪ್ಪು, ಇಲ್ಲಿ ಅದರ ಅಗತ್ಯವೂ ಇಲ್ಲ.

ಮಾಡುವುದು ಇಷ್ಟೇ. ಹತ್ತು ಅಡಿ ಉದ್ದದ ಗೆರೆ ಎಳೆಯಿರಿ. ಆ ಗೆರೆಯೇ ಚೆಂಡು. ಅದು ಎರಡು ಕಾಲಿನ ನಡುವೆ ಬರುವಂತೆ ನಿಂತು ಬೀಸಿ. ಮರಳು ಎಲ್ಲಿಂದ ಕೊರೆದಿದೆ ನೋಡಿ. ಗೆರೆಯ ಮೇಲಿಂದ ಅಥವಾ ಗೆರೆ ದಾಟಿದ ಮೇಲೆ ಶುರುವಾಗಿದ್ದರೆ ಸರಿ, ಹಿಂದೆ ಶುರುವಾಗಿದ್ದರೆ ಫ್ಯಾಟ್. ಅರ್ಧ ಅಡಿ ಮುಂದೆ ಸರಿದು ಮತ್ತೆ ಬೀಸಿ. 20 ಸಲ ಆಗುವಷ್ಟರಲ್ಲಿ ಗೆರೆ ಮುಗಿಯುತ್ತದೆ, ನಿಮ್ಮ ಬಂಡವಾಳ ಮರಳಿನ ಮೇಲೆ ಸಾಲಾಗಿ ಬಿದ್ದಿರುತ್ತದೆ. ಮರಳು ಭೇಷ್ ಅನ್ನುವುದಿಲ್ಲ.

ಮೊದಲ ದಿನ 20ರಲ್ಲಿ 6. ಚಾಪೆಯ ಮೇಲೆ 60ರಲ್ಲಿ 50 ಹೊಡೆದವನ ಸಾಧನೆ ಇದು. ಮೂರು ತಿಂಗಳಿಗೆ 13, 14ಕ್ಕೆ ಬಂತು. ಈಗಲೂ ಅಲ್ಲೇ ಇದೆ. ಒಮ್ಮೆ 17 ಆಯಿತು, ಅದನ್ನು ಮನೆಯಲ್ಲಿ ಹೇಳಲಿಲ್ಲ, 49ರ ಅನುಭವ ಇತ್ತು. ಮೀನಿನ ಬುಟ್ಟಿ ಹೊತ್ತು ಹೋಗುವ ಅಮ್ಮ ಒಬ್ಬರು ನಾಲ್ಕು ದಿನ ನೋಡಿ ಐದನೇ ದಿನ ನಿಂತೇಬಿಟ್ಟರು. ‘ಏನ್ ಅಗೀತ್ರಿ? ಬಳಚು ಇಲ್ಲಿ ಸಿಗೂದಿಲ್ಲ, ಅದು ಹೊಳೆ ಬದಿಗೆ.’ ಬಳಚು ಅಂದರೆ ನಮ್ಮ ಕಡೆಯ ಚಿಪ್ಪುಮೀನು. ಹೆಂಡತಿಯ ಪ್ರಶ್ನೆ ಇನ್ನೂ ಕಷ್ಟದ್ದು: ‘ಚೆಂಡೇ ಇಲ್ದೆ ಆಡೂದಾದ್ರೆ ಆ ಕೋಲಿಗೆ ಅಷ್ಟು ದುಡ್ಡು ಯಾಕ್ ಹಾಕಿದ್ರಿ?’

ಇದಕ್ಕೂ ತೊಂದರೆಗಳಿವೆ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ, ನನ್ನ ಅಂಗಡಿ ಮಾತ್ರ ಒಂಬತ್ತಕ್ಕೇ ತೆರೆಯಬೇಕು. ಹದಿನೈದು ದಿನದಲ್ಲಿ ಏಳೆಂಟು ಬೆಳಿಗ್ಗೆ ಮಾತ್ರ ಹೊಂದುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಸಮುದ್ರದ ಹತ್ತಿರ ಸುಳಿಯುವ ಹಾಗಿಲ್ಲ. ಮರಳು ಕ್ಲಬ್ಬಿನ ಮುಖ ಉಜ್ಜಿ ಹಾಕುತ್ತದೆ, ಉಪ್ಪು ತುಕ್ಕು ಹಿಡಿಸುತ್ತದೆ. ಒಳ್ಳೆಯ ಕ್ಲಬ್ ಒಯ್ಯಲೇಬೇಡಿ, ಬಂದ ಕೂಡಲೇ ಬಾವಿ ನೀರಲ್ಲಿ ತೊಳೆದು ಒರೆಸಿ. ಇನ್ನೊಂದು, ಚೆಂಡು ಎಡಕ್ಕೋ ಬಲಕ್ಕೋ ಹೋಗುವ ರೋಗಕ್ಕೆ ಗೆರೆ ಏನೂ ಹೇಳುವುದಿಲ್ಲ. ಅದಕ್ಕೆ ನಾನು ಮದ್ದು ಹುಡುಕುವುದು ಬಿಟ್ಟು, ಸ್ವಲ್ಪ ಎಡಕ್ಕೆ ನೋಡಿ ನಿಲ್ಲುತ್ತೇನೆ.

ಮಳೆಗಾಲದಲ್ಲಿ ಮನೆಯ ಹಾಲ್‌ನಲ್ಲಿ ಪಟ್ಟಿಂಗ್, ಅಂದರೆ ಪಟ್ಟರ್‌ನಿಂದ ಚೆಂಡು ಉರುಳಿಸುವ ಅಭ್ಯಾಸ. ಚಹಾ ಲೋಟ ಅಡ್ಡ ಮಲಗಿಸಿದರೆ ಸಾಕು. ಮೈದಾನದ ಹೋಲ್ 108 ಮಿಲಿಮೀಟರ್ ಅಗಲ, ಲೋಟಕ್ಕೆ ಹೊಂದಿಕೊಂಡ ಕಣ್ಣಿಗೆ ಅದು ಬಕೆಟ್‌ನಂತೆ ಕಾಣುತ್ತದೆ. ಎಂಟು ಅಡಿಯಿಂದ ಹಾಕದಿದ್ದರೆ ಮೊದಲು ಕೈಲಿದ್ದದ್ದನ್ನು ಎಸೆಯುವಷ್ಟು ಸಿಟ್ಟು ಬರುತ್ತಿತ್ತು. ಅಮೆರಿಕದ ವೃತ್ತಿಪರರ ಪಿಜಿಎ ಟೂರ್‌ನಲ್ಲಿ ಆಡುವವರೂ ಎಂಟು ಅಡಿಯಿಂದ ಹಾಕುವುದು ಹೆಚ್ಚುಕಡಿಮೆ ಅರ್ಧದಷ್ಟನ್ನು ಮಾತ್ರ ಅಂತ ತಿಳಿದ ಮೇಲೆ ಲೋಟ ಉಳಿದಿದೆ.

ಈಗ ಫಲ ಏನು ಅಂತ ಕೇಳುತ್ತೀರಿ. ಗೆರೆ ಹಿಡಿದ ಮೇಲಿನ ಐದು ಭಾನುವಾರ: 54, 56, 53, 57, 55. ಮೊದಲಿನ ಐದರ ಸರಾಸರಿ 57, ಈಗಿನದು 55. ಒಂದು ವರ್ಷದ ಬೆವರಿಗೆ ಎರಡೇ ಹೊಡೆತ! 49 ಮತ್ತೆ ಬರಲೇ ಇಲ್ಲ. ಆದರೆ 66 ಕೂಡ ಬರಲಿಲ್ಲ. ಮೊದಲು ಒಳ್ಳೆಯ ದಿನಕ್ಕೂ ಕೆಟ್ಟ ದಿನಕ್ಕೂ 17ರ ಅಂತರ ಇತ್ತು, ಈಗ 4. ಮನೆಗೆ ವಾಪಸ್ ಬರುವಾಗ ಕಾರಿನಲ್ಲಿ ಹಾಡು ಹಾಕುತ್ತೇನೆ ಅಂದರೆ ಅದಕ್ಕೆ ಈ 4 ಕಾರಣ.

ಹ್ಯಾಂಡಿಕ್ಯಾಪ್, ಅಂದರೆ ಆಟಗಾರನ ಮಟ್ಟ ಹೇಳುವ ಅಂಕಿ, ಅದರ ಲೆಕ್ಕ ತಿಳಿದ ಮೇಲಂತೂ ಇನ್ನೂ ಹಗುರಾಯಿತು. 2020ರಲ್ಲಿ ಜಾರಿಗೆ ಬಂದ ಜಾಗತಿಕ ಪದ್ಧತಿಯಲ್ಲಿ ಕೊನೆಯ 20 ರೌಂಡ್‌ಗಳಲ್ಲಿ ಚೆನ್ನಾಗಿ ಬಂದ 8ರ ಸರಾಸರಿ ಹಿಡಿಯುತ್ತಾರೆ. ಉಳಿದ 12ನ್ನು ಬದಿಗಿಡುತ್ತಾರೆ. ಅಂದರೆ ಹ್ಯಾಂಡಿಕ್ಯಾಪ್ ಹೇಳುವುದು ನಿಮ್ಮ ಒಳ್ಳೆಯ ದಿನಗಳ ಕತೆ, ಮಾಮೂಲಿ ದಿನದಲ್ಲಿ ಅಷ್ಟು ಬರುವುದಿಲ್ಲ ಅನ್ನುವುದು ಆ ಲೆಕ್ಕದೊಳಗೇ ಕೂತಿದೆ. ನಾನು ಐದರಲ್ಲಿ ಒಂದೇ ಒಂದನ್ನು ಹಿಡಿದು ಅದೇ ನಾನು ಅಂದುಕೊಂಡಿದ್ದೆ.

ನನ್ನ ಆಯ್ಕೆ ಗೊತ್ತೇ ಇದೆ. ನೀವು ಶಿರಸಿ ಕಡೆಯವರಾಗಿ ಸಮುದ್ರ ದೂರ ಆದರೆ, ಮನೆ ಹತ್ತಿರ ಬೇಣ (ಹುಲ್ಲುಗಾವಲು) ಇದ್ದರೆ ಅಲ್ಲೇ ಸುಣ್ಣದ ಪುಡಿಯಲ್ಲಿ ಗೆರೆ ಎಳೆದು ನೋಡಿ, ದನ ಇಲ್ಲದ ಹೊತ್ತಲ್ಲಿ. ಚೆಂಡು ಹೊಡೆದ ಸುಖ ಬೇಕೇ ಬೇಕು ಅಂದರೆ 600 ರೂಪಾಯಿಯ ಬಲೆ ಕಟ್ಟಿ, ಚಾಪೆ ಬೇಡ. ನಾನೂ ಬಲೆ ಬಿಚ್ಚಿಲ್ಲ, ವಾರಕ್ಕೊಮ್ಮೆ ಮಣ್ಣಿನ ಮೇಲೆಯೇ ಇಟ್ಟು ಹೊಡೆಯುತ್ತೇನೆ. ಚಾಪೆ ಅಂಗಡಿಯ ಬಾಗಿಲಲ್ಲಿದೆ, ಮಳೆಗಾಲದಲ್ಲಿ ಕಾಲೊರೆಸಲು ಅದಕ್ಕಿಂತ ಒಳ್ಳೆಯದು ಸಿಗಲಿಕ್ಕಿಲ್ಲ.

ಡ್ರೈವರ್ ಒಳಗೆ ಪಿವಿಸಿ ಪೈಪುಗಳ ನಡುವೆ ನಿಂತಿದೆ. ಮೊನ್ನೆ ಒಬ್ಬ ಗಿರಾಕಿ ಅದನ್ನು ತಿರುಗಿಸಿ ನೋಡಿ ಬೆಲೆ ಕೇಳಿದರು. ಕೊಂಡ ಬೆಲೆಯ ಅರ್ಧ ಹೇಳಿದೆ. ಅವರು ಅರ್ಧ ಇಂಚಿನ ಎರಡು ನಲ್ಲಿ ತೆಗೆದುಕೊಂಡು ಹೋದರು.