ತಪ್ಪು ಡ್ರೈವರ್‌ನದು, ನನಗೆ ಮಾರಿದ್ದು ಕೇಬಲ್: ‘ಬಿಟ್-ಪರ್ಫೆಕ್ಟ್’ ಡ್ಯಾಕ್ ಕೊಳ್ಳುವವರು ಹುಷಾರು

ದುಬಾರಿ ಡ್ಯಾಕ್ (ಕಂಪ್ಯೂಟರ್‌ನ ಡಿಜಿಟಲ್ ಹಾಡನ್ನು ಸ್ಪೀಕರ್‌ಗೆ ಬೇಕಾದ ಅಲೆಯಾಗಿ ಬದಲಿಸುವ ಯಂತ್ರ) ಕೊಳ್ಳಲು ಹೊರಟಿದ್ದೀರಾ? ದುಡ್ಡು ಕೊಡುವ ಮೊದಲು ಇದನ್ನು ಓದಿ. ಪೆಟ್ಟಿಗೆಯ ಮೇಲೆ ‘ಬಿಟ್-ಪರ್ಫೆಕ್ಟ್’ (ಫೈಲ್‌ನ ಒಂದು ಅಂಕಿಯೂ ಬದಲಾಗದೆ ಡ್ಯಾಕ್ ತಲುಪುತ್ತದೆ) ಎಂದು ದೊಡ್ಡದಾಗಿ ಅಚ್ಚು ಹಾಕಿದ್ದಾರೆ ಎಂದ ಮಾತ್ರಕ್ಕೆ ಅದು ನಿಜ ಅಂದುಕೊಳ್ಳಬೇಡಿ. ನನ್ನ ಡ್ಯಾಕ್‌ನ ಪೆಟ್ಟಿಗೆಯ ಮೇಲೂ ಹಾಗೇ ಇತ್ತು.

ತೊಂದರೆ ಗೊತ್ತಾದದ್ದು ಡಿಎಸ್‌ಡಿ (ಮಾಮೂಲಿ ಪಿಸಿಎಂಗಿಂತ ಬೇರೆ ಬಗೆಯ ಆಡಿಯೊ) ಫೈಲ್ ಹಾಕಿದಾಗ. ಡಿಒಪಿ (ಡಿಎಸ್‌ಡಿಯನ್ನು ಪಿಸಿಎಂ ವೇಷದಲ್ಲಿ ಕಳಿಸುವ ವಿಧಾನ) ಮೂಲಕ ಕಳಿಸಿದರೆ ಡ್ಯಾಕ್‌ನ ಪರದೆಯಲ್ಲಿ ‘ಡಿಎಸ್‌ಡಿ’ ಎಂದು ಬರಬೇಕು ಅಲ್ವಾ? ಬಂದದ್ದು ‘ಪಿಸಿಎಂ 176.4’, ಅಂದರೆ ಮಾಮೂಲಿ ಆಡಿಯೊ, ಸೆಕೆಂಡಿಗೆ 1,76,400 ಸ್ಯಾಂಪಲ್ (ಅಲೆಯ ಒಂದೊಂದು ಅಳತೆ). ಸ್ಪೀಕರ್‌ನಲ್ಲಿ ಹಾಡಿಲ್ಲ, ಬರೀ ಸುಯ್ ಎನ್ನುವ ಸದ್ದು. ಹೊಸ ಡ್ಯಾಕ್ ಕೇಳಲೆಂದೇ ಬಂದಿದ್ದ ಸ್ನೇಹಿತರ ಎದುರೇ ಹೀಗಾಯಿತು. ಎಷ್ಟು ನಾಚಿಕೆಯಾಯಿತು ಎಂದು ಹೇಳಲಾರೆ.

ಮಾಡಬೇಕಾದದ್ದನ್ನೆಲ್ಲ ಮಾಡಿದ್ದೆ. ಡ್ಯಾಕ್ ಕಂಪನಿಯವರೇ ಕೊಟ್ಟ ಅಸಿಯೊ ಡ್ರೈವರ್ (ಆಡಿಯೊವನ್ನು ನೇರ ಡ್ಯಾಕ್‌ಗೆ ಕಳಿಸುವ ತಂತ್ರಾಂಶ) ಹಾಕಿದ್ದೆ. ಹಾಗಾಗಿ ಎಲ್ಲ ಸದ್ದನ್ನೂ ಬೆರೆಸುವ ವಿಂಡೋಸ್ ಮಿಕ್ಸರ್ ನಡುವೆ ಬರುತ್ತಿರಲಿಲ್ಲ. ಪ್ಲೇಯರ್‌ನ ವಾಲ್ಯೂಮ್ ಪೂರ್ತಿ, ಈಕ್ವಲೈಜರ್ ಬಂದ್, ರೀಸ್ಯಾಂಪ್ಲಿಂಗ್ (ಸ್ಯಾಂಪಲ್ ದರ ಬದಲಿಸುವುದು) ಬಂದ್. ಇದನ್ನೆಲ್ಲ ಚಿತ್ರ ಸಮೇತ ಬರೆದು ಕಂಪನಿಗೆ ಕಳಿಸಿದೆ.

ಮೊದಲ ಉತ್ತರ: ‘44.1ರ ಫೈಲ್ ಹಾಕಿದರೆ ಪರದೆಯಲ್ಲಿ 44.1 ಬರುತ್ತದಲ್ಲ ಸಾರ್, ಹಾಗಿದ್ದ ಮೇಲೆ ಅದು ಬಿಟ್-ಪರ್ಫೆಕ್ಟೇ.’ ಇದು ಶುದ್ಧ ತಪ್ಪು. ಪರದೆ ತೋರಿಸುವುದು ಸೆಕೆಂಡಿಗೆ ಎಷ್ಟು ಸ್ಯಾಂಪಲ್ ಬರುತ್ತಿದೆ ಎಂಬುದನ್ನು ಮಾತ್ರ. ಆ ಸ್ಯಾಂಪಲ್ ಒಳಗಿನ ಅಂಕಿ ಫೈಲ್‌ನಲ್ಲಿ ಇದ್ದಂತೆಯೇ ಇದೆಯಾ, ದಾರಿಯಲ್ಲಿ ಯಾರಾದರೂ ಕೈ ಹಾಕಿದರಾ ಎಂಬುದು ಪರದೆಗೆ ಗೊತ್ತೇ ಆಗುವುದಿಲ್ಲ.

ಎರಡನೇ ಉತ್ತರ: ‘ನಿಮ್ಮ ಯುಎಸ್‌ಬಿ ಕೇಬಲ್ ಸರಿ ಇಲ್ಲ. ನಮ್ಮದೇ ಕೇಬಲ್ ಹಾಕಿ ನೋಡಿ.’ ಕೊಂಡೆ. ಕೇಬಲ್‌ಗೆ ಅಷ್ಟು ಬೆಲೆಯಾ ಎಂದು ಎದೆ ಧಸಕ್ ಎಂದಿತ್ತು, ಆದರೂ ಕೊಂಡೆ. ಅದೇ ಸುಯ್ ಸದ್ದು. ಆಮೇಲೆ, ‘ಕಂಪ್ಯೂಟರ್‌ನ ಕರೆಂಟ್ ಗಲೀಜು, ಲೀನಿಯರ್ ಪವರ್ ಸಪ್ಲೈ ತಗೊಳ್ಳಿ.’ ಆಮೇಲೆ, ‘ಇನ್ನೂ ಸ್ವಲ್ಪ ಗಂಟೆ ಓಡಲಿ, ಪಳಗಬೇಕು.’ ಡಿಒಪಿ ಗುರುತು ಹಿಡಿಯುವುದಕ್ಕೆ ಯಂತ್ರ ಪಳಗಬೇಕಾ? ಇದನ್ನು ಕೇಳಿದ್ದಕ್ಕೆ ಉತ್ತರ ಬರಲಿಲ್ಲ.

ಡಿಒಪಿ ಹೇಗೆ ಕೆಲಸ ಮಾಡುತ್ತದೆ ಎಂದು ಹೇಳಿಬಿಡುತ್ತೇನೆ, ಆಗ ನನ್ನ ಸಿಟ್ಟು ನಿಮಗೂ ಅರ್ಥವಾಗುತ್ತದೆ. 24 ಬಿಟ್‌ನ ಒಂದೊಂದು ಸ್ಯಾಂಪಲ್‌ನಲ್ಲಿ 16 ಬಿಟ್ ಡಿಎಸ್‌ಡಿ ಮಾಹಿತಿ. ಮೇಲಿನ 8 ಬಿಟ್ ಬರೀ ಗುರುತು. ಎರಡು ನಿಗದಿತ ಗುರುತುಗಳು ಸರದಿಯಲ್ಲಿ ಬರುತ್ತವೆ. ಅವನ್ನು ಕಂಡರೆ ಮಾತ್ರ ಡ್ಯಾಕ್ ‘ಓ, ಇದು ಡಿಎಸ್‌ಡಿ’ ಎಂದು ತಿಳಿಯುತ್ತದೆ. ನಡುವೆ ಯಾರಾದರೂ ವಾಲ್ಯೂಮನ್ನು ಒಂದು ಚೂರು ತಗ್ಗಿಸಿದರೂ ಗುರುತು ಹಾಳು. ಆಗ ಡ್ಯಾಕ್ ಅದನ್ನು ಮಾಮೂಲಿ ಪಿಸಿಎಂ ಅಂದುಕೊಂಡು ಸುಯ್ ಎನ್ನುತ್ತದೆ. ಕೆಟ್ಟ ಕೇಬಲ್ ಹೀಗೆ ಮಾಡುವುದಿಲ್ಲ. ಯುಎಸ್‌ಬಿ ಆಡಿಯೊದಲ್ಲಿ ಕೆಟ್ಟ ಡೇಟಾವನ್ನು ಮತ್ತೆ ಕಳಿಸುವ ಏರ್ಪಾಡು ಇಲ್ಲ, ಹಾಗಾಗಿ ಕೇಬಲ್ ಕೈಕೊಟ್ಟರೆ ಟಿಕ್ ಟಿಕ್ ಸದ್ದು ಬರುತ್ತದೆ, ಹಾಡು ತುಂಡಾಗುತ್ತದೆ. ಪ್ರತಿ ಸ್ಯಾಂಪಲ್ಲನ್ನೂ ಅಚ್ಚುಕಟ್ಟಾಗಿ ಬದಲಾಯಿಸುವ ಕೇಬಲ್ ಎಲ್ಲೂ ಇಲ್ಲ.

ಕೊನೆಗೆ ಅದೇ ಕಂಪ್ಯೂಟರನ್ನು ಲಿನಕ್ಸ್‌ನಲ್ಲಿ ಬೂಟ್ ಮಾಡಿದೆ. ನನ್ನ ಹಳೆಯ ಕೇಬಲ್ಲನ್ನೇ ಚುಚ್ಚಿದೆ. ಅಲ್ಲಿ ಅವರ ಡ್ರೈವರ್ ಬೇಕಿಲ್ಲ. ಲಿನಕ್ಸ್‌ನದೇ ಆಡಿಯೊ ವ್ಯವಸ್ಥೆಯಾದ ಆಲ್ಸಾದ ನೇರ ಔಟ್‌ಪುಟ್ ಆರಿಸಿ ಅದೇ ಫೈಲ್ ಹಾಕಿದೆ. ತಕ್ಷಣ ‘ಡಿಎಸ್‌ಡಿ’ ಬಂತು. ಹಾಡೂ ಬಂತು.

ವಿಡಿಯೊ ಮಾಡಿ ಕಳಿಸಿದೆ. ಆಗ ಬಾಯಿ ಬಿಟ್ಟರು. ‘ನಮ್ಮ ವಿಂಡೋಸ್ ಡ್ರೈವರ್ ಯಾವಾಗಲೂ 3 ಡೆಸಿಬಲ್ ಹೆಡ್‌ರೂಮ್ ಇಟ್ಟುಕೊಳ್ಳುತ್ತದೆ ಸಾರ್. ಕಿವಿಗೆ ಗೊತ್ತಾಗಲ್ಲ.’

ಈ ಸಾಲನ್ನು ಮತ್ತೆ ಮತ್ತೆ ಓದಿದೆ. ಯಾವಾಗಲೂ! ಹೆಡ್‌ರೂಮ್ ಎಂದರೆ ಸದ್ದು ಮಿತಿ ಮೀರದಂತೆ ವಾಲ್ಯೂಮ್ ತಗ್ಗಿಸಿಡುವುದು. ಅಂದರೆ ಪ್ರತಿ ಸ್ಯಾಂಪಲ್ಲನ್ನೂ ಸುಮಾರು 0.7ರಿಂದ ಗುಣಿಸಿ ಕಳಿಸುತ್ತಿದ್ದರು. ಇದು ಅವರಿಗೆ ಮೊದಲ ದಿನದಿಂದ ಗೊತ್ತಿತ್ತು. ಗೊತ್ತಿದ್ದೂ ಕೇಬಲ್ ಮಾರಿದರು. ಗೊತ್ತಿದ್ದೂ ಪವರ್ ಸಪ್ಲೈ ಮಾರಲು ನೋಡಿದರು. ಹೆಡ್‌ರೂಮ್ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಜೋರಾಗಿ ಮಾಸ್ಟರ್ ಮಾಡಿದ ಹಾಡುಗಳಲ್ಲಿ ಎರಡು ಸ್ಯಾಂಪಲ್ ನಡುವೆ ಅಲೆ ಮಿತಿ ಮೀರುವುದುಂಟು, ಆಗ ಅದು ಉಪಯೋಗಕ್ಕೆ ಬರುತ್ತದೆ. ಆದರೆ ಅದನ್ನು ಬಂದ್ ಮಾಡುವ ಸ್ವಿಚ್ ಕೊಡಿ. ಇಲ್ಲದಿದ್ದರೆ ‘ಬಿಟ್-ಪರ್ಫೆಕ್ಟ್’ ಎಂದು ಬರೆಯಬೇಡಿ. ಕಿವಿಗೆ ಗೊತ್ತಾಗುತ್ತದಾ ಇಲ್ವಾ ಎಂಬುದು ಪ್ರಶ್ನೆಯೇ ಅಲ್ಲ. ಆ ಮಾತು ಹೇಳಿಯೇ ದುಡ್ಡು ತಗೊಂಡಿದ್ದಾರೆ.

ಕೊಳ್ಳುವವರಿಗೆ ಇಷ್ಟೇ ಹೇಳುವುದು. ವಾಪಸ್ ಮಾಡುವ ಅವಧಿ ಮುಗಿಯುವ ಮೊದಲೇ ಡಿಒಪಿ ಪರೀಕ್ಷೆ ಮಾಡಿ. ಪ್ಲೇಯರ್‌ನಲ್ಲಿ ‘ನೇಟಿವ್ ಡಿಎಸ್‌ಡಿ’ ಬೇಡ, ಡಿಒಪಿಯನ್ನೇ ಆರಿಸಿ. ನೇಟಿವ್‌ನಲ್ಲಿ ಡಿಎಸ್‌ಡಿ ಪಿಸಿಎಂ ವೇಷವಿಲ್ಲದೆ ಹೋಗುತ್ತದೆ. ಆ ದಾರಿ ಬೇರೆಯೇ, ಅದು ಸರಿ ಹೋದರೆ ಪಿಸಿಎಂ ದಾರಿಯೂ ಸರಿ ಎಂದೇನಿಲ್ಲ. ಕೆಲವು ಡ್ಯಾಕ್‌ಗಳಲ್ಲಿ ಬಿಟ್ ಪರೀಕ್ಷೆ ಒಳಗೇ ಇರುತ್ತದೆ, ತಯಾರಕರೇ ಅದಕ್ಕೆ ಫೈಲ್ ಕೊಡುತ್ತಾರೆ. ಸಾಧ್ಯವಾದರೆ ಅಂಥದ್ದನ್ನೇ ಕೊಳ್ಳಿ. ‘ಡ್ರೈವರ್‌ನಲ್ಲಿ ಹೆಡ್‌ರೂಮ್ ಇದೆಯಾ, ಬಂದ್ ಮಾಡಬಹುದಾ’ ಎಂದು ಕೊಳ್ಳುವ ಮೊದಲೇ ಬರವಣಿಗೆಯಲ್ಲಿ ಕೇಳಿ. ಸಮಸ್ಯೆ ಹೇಳಿದ ಕೂಡಲೇ ಕೇಬಲ್ ಮಾತು ತೆಗೆದರೆ ಅಲ್ಲಿಗೇ ನಿಲ್ಲಿಸಿ, ಇನ್ನೊಂದು ಪೈಸೆ ಕೊಡಬೇಡಿ.

ಕೇಬಲ್ ದುಡ್ಡು ವಾಪಸ್ ಕೇಳಿದೆ. ‘ಪ್ಯಾಕ್ ಒಡೆದಿದ್ದೀರಿ, ಆಗಲ್ಲ’ ಎಂದಿದ್ದಾರೆ. ಡ್ರೈವರ್ ಯಾವಾಗ ಸರಿ ಮಾಡುತ್ತೀರಿ ಎಂದು ಕೇಳಿದ್ದಕ್ಕೆ ಇನ್ನೂ ಉತ್ತರವೇ ಇಲ್ಲ.