ಕ್ರೂಸ್ ಟಿಕೆಟ್ಟಿನಲ್ಲಿ ಫ್ಲಾರೆನ್ಸ್ ಅಂತಿರುತ್ತದೆ, ಹಡಗು ನಿಲ್ಲುವುದು ಲಿವೋರ್ನೋದಲ್ಲಿ

ಮೆಡಿಟರೇನಿಯನ್ ಕ್ರೂಸ್‌ಗೆ ಹೊರಟವರು, ಅದರಲ್ಲೂ ವಯಸ್ಸಾದ ಅಪ್ಪ ಅಮ್ಮನನ್ನು ಜೊತೆಗೆ ಕರೆದುಕೊಂಡು ಹೋಗುವವರು, ದಯವಿಟ್ಟು ಇದನ್ನು ಪೂರ್ತಿ ಓದಿ. ಮೇ ತಿಂಗಳಲ್ಲಿ ನಾನು, ನನ್ನ ಗಂಡ, ನಮ್ಮತ್ತೆ ಮೂವರೂ ಇಟಲಿಯಲ್ಲಿ ಹಡಗು ತಪ್ಪಿಸಿಕೊಂಡೆವು. ಅತ್ತೆಗೆ 69 ವರ್ಷ. ಬಿಪಿ, ಶುಗರ್ ಎರಡೂ ಇವೆ. ಅವರ ಮಾತ್ರೆಗಳು, ನಮ್ಮ ಮೂರೂ ಪಾಸ್‌ಪೋರ್ಟು, ಬಟ್ಟೆಬರೆ ಎಲ್ಲವೂ ಹಡಗಿನ ರೂಮಿನಲ್ಲಿದ್ದವು. ನಮ್ಮ ಕೈಯಲ್ಲಿದ್ದದ್ದು ಎರಡು ಫೋನು, ಒಂದು ಕ್ರೆಡಿಟ್ ಕಾರ್ಡು, ಅರ್ಧ ಬಾಟಲಿ ನೀರು.

ನಾವು ತಯಾರಿ ಇಲ್ಲದೆ ಹೋದವರಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಮೂರು ತಿಂಗಳು ಕೂತು ಪ್ಲಾನ್ ಮಾಡಿದ್ದೆವು. ಬಾರ್ಸಿಲೋನಾದಲ್ಲಿ ಹಡಗು ಹತ್ತಿ, ಮಾರ್ಸೇ, ಲಿವೋರ್ನೋ, ಚಿವಿತಾವೆಕ್ಯಾ, ನೇಪಲ್ಸ್ ನೋಡಿಕೊಂಡು ಮತ್ತೆ ಬಾರ್ಸಿಲೋನಾಕ್ಕೆ ಬರುವ ಏಳು ರಾತ್ರಿಯ ಪ್ರವಾಸ. ಹಡಗಿನವರ ಎಕ್ಸ್‌ಕರ್ಷನ್, ಅಂದರೆ ಬಂದರಿನಿಂದ ಊರು ತೋರಿಸುವ ಟೂರು, ದುಬಾರಿ, ಬಸ್ಸಿನಿಂದ ಇಳಿಸಿ ಫೋಟೋ ತೆಗೆಸಿ ಮತ್ತೆ ಹತ್ತಿಸುತ್ತಾರೆ, ನಾವೇ ಹೋದರೆ ನಮ್ಮಿಷ್ಟದಂತೆ ನೋಡಬಹುದು ಅಂತ ಎಲ್ಲರೂ ಹೇಳಿದ್ದರು. ಅದು ಸುಳ್ಳೂ ಅಲ್ಲ. ಮಾರ್ಸೇಯಲ್ಲಿ ನಾವೇ ಓಡಾಡಿದೆವು. ಶಟಲ್ ಬಸ್ಸಿನಲ್ಲಿ ಹಳೇ ಬಂದರಿಗೆ ಹೋಗಿ, ಮೀನು ಮಾರುವವರನ್ನು ನೋಡಿ, ಗುಡ್ಡದ ಮೇಲಿನ ಚರ್ಚಿಗೆ ಹೋಗಿ, ಮೂರು ಗಂಟೆಗೆಲ್ಲ ಹಡಗಿಗೆ ವಾಪಸ್. ತುಂಬಾ ಚೆನ್ನಾಗಿತ್ತು. ಆ ಒಂದು ದಿನ ನಮಗೆ ಬೇಕಾದ್ದಕ್ಕಿಂತ ಜಾಸ್ತಿ ಧೈರ್ಯ ಕೊಟ್ಟಿತು.

ಮಾರನೇ ದಿನ ಲಿವೋರ್ನೋ. ಬ್ರೋಷರ್‌ನಲ್ಲಿ 'ಫ್ಲಾರೆನ್ಸ್ / ಪೀಸಾ' ಅಂತ ದೊಡ್ಡಕ್ಷರದಲ್ಲಿ ಇರುತ್ತದೆ. ಫ್ಲಾರೆನ್ಸಿಗೆ ಸಮುದ್ರವೇ ಇಲ್ಲ. ಲಿವೋರ್ನೋದಿಂದ ಅದು ಹೆಚ್ಚುಕಡಿಮೆ 90 ಕಿಲೋಮೀಟರ್ ಒಳಗಿದೆ. ರೋಮ್ ಕತೆಯೂ ಅಷ್ಟೇ. ಹಡಗು ನಿಲ್ಲುವುದು ಚಿವಿತಾವೆಕ್ಯಾದಲ್ಲಿ, ಅಲ್ಲಿಂದ ರೋಮ್ 70 ಕಿಲೋಮೀಟರ್‌ಗೂ ಮೇಲೆ. ಬೆಂಗಳೂರು ಅಂತ ಟಿಕೆಟ್ ಕೊಟ್ಟು ಮಂಡ್ಯದಲ್ಲಿ ಇಳಿಸಿದ ಹಾಗೆ. ಇದು ನಮಗೆ ಗೊತ್ತಿತ್ತು. ಲಿವೋರ್ನೋ ಬಂದರಿನೊಳಗೆ ನಡೆದು ಹೋಗಲು ಬಿಡುವುದಿಲ್ಲ, ಅದು ಕಂಟೇನರ್ ಲಾರಿಗಳು ಓಡಾಡುವ ಜಾಗ, ಊರೊಳಗೆ ಹೋಗಲು ಶಟಲ್ ಹಿಡಿಯಬೇಕು, ಅಲ್ಲಿಂದ ರೈಲ್ವೆ ಸ್ಟೇಷನ್ನು ಮತ್ತೆ ಎರಡು ಕಿಲೋಮೀಟರ್‌ಗೂ ಜಾಸ್ತಿ, ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ. ಇದೆಲ್ಲ ಲೆಕ್ಕ ಹಾಕಿಯೇ ಹೊರಟಿದ್ದೆವು.

ಹಡಗು ಬೆಳಿಗ್ಗೆ ಆರೂವರೆಗೇ ದಡ ಮುಟ್ಟಿತು. ಏಳಕ್ಕೆ ಇಳಿದೆವು. ಎಂಟಕ್ಕೆ ಮುಂಚಿನ ರೈಲು ಸಿಕ್ಕಿತು, ಕೂರಲು ಜಾಗವೂ ಸಿಕ್ಕಿತು. ಒಂಬತ್ತೂಕಾಲಿಗೆ ಫ್ಲಾರೆನ್ಸಿನ ಸಾಂತಾ ಮರಿಯಾ ನೊವೆಲ್ಲಾ ಸ್ಟೇಷನ್. ಅಲ್ಲಿಂದ ದೊಡ್ಡ ಚರ್ಚು, ಅಂದರೆ ದುವೋಮೋ, ಹತ್ತು ನಿಮಿಷದ ನಡಿಗೆ. ಅಷ್ಟು ದೊಡ್ಡ ಗುಮ್ಮಟವನ್ನು ಗಲ್ಲಿಯ ಕೊನೆಯಲ್ಲಿ ಮೊದಲ ಸಲ ಕಂಡಾಗ ಅತ್ತೆ ನಿಂತೇಬಿಟ್ಟರು. ಅಕಾದೆಮಿಯಾ ಮ್ಯೂಸಿಯಂನಲ್ಲಿ ಮೈಕೆಲೇಂಜೆಲೋ ಕೆತ್ತಿದ ಡೇವಿಡ್ ಮೂರ್ತಿಗೆ ಹತ್ತೂವರೆಯ ಟಿಕೆಟ್ ಮೊದಲೇ ತೆಗೆದಿದ್ದೆವು. ಅದನ್ನು ನೋಡಿ, ಪೊಂತೆ ವೆಕ್ಯೋ ಸೇತುವೆ ತನಕ ನಿಧಾನವಾಗಿ ನಡೆದು, ಊಟ ಮಾಡಿ, ಎರಡು ಗಂಟೆಗೆ ಸ್ಟೇಷನ್ನಿಗೆ ಬಂದೆವು. ಎರಡೂವರೆಯ ರೈಲು ಹತ್ತಿದರೆ ನಾಲ್ಕಕ್ಕೆ ಲಿವೋರ್ನೋ. ಹಡಗಿನ ಆಲ್ ಅಬೋರ್ಡ್ ಟೈಮ್, ಅಂದರೆ ಎಲ್ಲರೂ ಹಡಗಿನೊಳಗೆ ಇರಬೇಕಾದ ಹೊತ್ತು, ಐದೂವರೆ. ಒಂದೂವರೆ ಗಂಟೆ ಕೈಯಲ್ಲಿತ್ತು. ಸಾಕು ಅಲ್ವಾ ಅಂದುಕೊಂಡಿದ್ದೆವು.

ಬೋರ್ಡಿನಲ್ಲಿ ಲಿವೋರ್ನೋ ಎದುರು 'ಕಾಂಚೆಲ್ಲಾತೋ' ಅಂತಿತ್ತು. ರದ್ದು. ಅದರ ಮುಂದಿನದೂ ರದ್ದು. ಪೀಸಾ ಕಡೆಯದೂ ರದ್ದು. ಕೌಂಟರಿನ ಮುಂದೆ ನೂರಾರು ಜನ. ಗಾಜಿನ ಮೇಲೆ ಒಂದು ಹಾಳೆ ಅಂಟಿಸಿದ್ದರು, ಅದರ ಮೇಲೆ 'ಶೋಪೆರೋ' ಅಂತ ಬರೆದಿತ್ತು. ಈ ಪದ ನೆನಪಿಟ್ಟುಕೊಳ್ಳಿ. ಇಟಲಿಯಲ್ಲಿ ಮುಷ್ಕರಕ್ಕೆ ಹೇಳುವ ಮಾತು ಅದು. ಹಿಂದಿನ ರಾತ್ರಿ ಒಂಬತ್ತಕ್ಕೆ ಶುರುವಾಗಿ ಆ ರಾತ್ರಿ ಒಂಬತ್ತರವರೆಗೆ, 24 ಗಂಟೆಯ ರೈಲು ಮುಷ್ಕರ.

ಹಾಗಾದರೆ ಬೆಳಿಗ್ಗೆ ನಮ್ಮ ರೈಲು ಹೇಗೆ ಓಡಿತು? ಇದೇ ನಾನು ಎಲ್ಲರಿಗೂ ಹೇಳಬೇಕಾದ ವಿಷಯ. ಇಟಲಿಯಲ್ಲಿ 1990ರ ಒಂದು ಕಾನೂನು ಇದೆ. ಮುಷ್ಕರ ಇದ್ದರೂ ಜನರಿಗೆ ತೀರಾ ಬೇಕಾದ ಸೇವೆ ನಿಲ್ಲಬಾರದು ಅನ್ನುತ್ತದೆ. ಅದರ ಪ್ರಕಾರ ಕೆಲಸದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9ರವರೆಗೆ ಸ್ಥಳೀಯ ರೈಲುಗಳನ್ನು ಓಡಿಸುತ್ತಾರೆ. ಆಫೀಸಿಗೆ ಹೋಗಿ ಬರುವವರಿಗೆ ತೊಂದರೆ ಆಗದಿರಲಿ ಅಂತ. ಅಲ್ಲಿನವರಿಗೆ ಅದು ಒಳ್ಳೆಯದೇ. ಆದರೆ ಹಡಗಿನವರ ಹೊತ್ತಿಗೆ ಅದನ್ನು ಹೊಂದಿಸಿ ನೋಡಿ. ಬೆಳಿಗ್ಗೆ ಹಡಗಿನಿಂದ ಇಳಿದಾಗ ರೈಲು ಇರುತ್ತದೆ, ಯಾವ ಅನುಮಾನವೂ ಬರುವುದಿಲ್ಲ. ಮಧ್ಯಾಹ್ನ ವಾಪಸ್ ಹೊರಡುವಾಗ ಇರುವುದಿಲ್ಲ. ಮತ್ತೆ ರೈಲು ಶುರುವಾಗುವುದು ಸಂಜೆ ಆರಕ್ಕೆ, ಹಡಗು ಹೊರಡುವ ಹೊತ್ತಿಗೆ. ಮುಷ್ಕರ ನಮ್ಮನ್ನು ಬೆಳಿಗ್ಗೆಯೇ ತಡೆದಿದ್ದರೆ ಫ್ಲಾರೆನ್ಸ್ ಆಸೆ ಬಿಟ್ಟು ಲಿವೋರ್ನೋದಲ್ಲೇ ಸುತ್ತಾಡಿ ಹಡಗಿಗೆ ಹೋಗುತ್ತಿದ್ದೆವು.

ಇದು ಇದ್ದಕ್ಕಿದ್ದಂತೆ ಬಂದ ಮುಷ್ಕರವೂ ಅಲ್ಲ. ಇಟಲಿಯಲ್ಲಿ ಇಂಥ ಮುಷ್ಕರಗಳನ್ನು ಮೊದಲೇ ತಿಳಿಸಲೇಬೇಕು. ಅಲ್ಲಿನ ಸಾರಿಗೆ ಮಂತ್ರಾಲಯದ ವೆಬ್‌ಸೈಟಿನಲ್ಲಿ ತಾರೀಖು, ಊರು, ಎಷ್ಟು ಗಂಟೆಯಿಂದ ಎಷ್ಟು ಗಂಟೆ ಎಲ್ಲವನ್ನೂ ಪಟ್ಟಿ ಮಾಡಿ ಹಾಕಿರುತ್ತಾರೆ. ಆಮೇಲೆ ನೋಡಿದೆ, ನಮ್ಮ ದಿನವೂ ಅದರಲ್ಲಿತ್ತು. ಮೂರು ತಿಂಗಳಲ್ಲಿ ನೂರು ಪುಟ ಓದಿದ್ದೇನೆ, ಆ ಒಂದು ಪುಟ ತೆರೆದಿರಲಿಲ್ಲ. ನಮ್ಮದು ಶುಕ್ರವಾರ. ಶುಕ್ರವಾರ ಇಟಲಿಯ ಬಂದರಿನಲ್ಲಿ ಇಳಿಯುವವರು ಇದನ್ನು ಎರಡು ಸಲ ನೋಡಿ, ಬಹಳಷ್ಟು ಮುಷ್ಕರಗಳು ಅವತ್ತೇ ಬೀಳುತ್ತವೆ.

ಟ್ಯಾಕ್ಸಿಗೆ ಓಡಿದೆವು. ಅಲ್ಲಿ ಟ್ಯಾಕ್ಸಿಗಳನ್ನು ರಸ್ತೆಯಲ್ಲಿ ಕೈ ತೋರಿಸಿ ನಿಲ್ಲಿಸುವ ರೂಢಿ ಇಲ್ಲ. ಸ್ಟ್ಯಾಂಡಿನಲ್ಲಿ ಸಾಲು ನಿಲ್ಲಬೇಕು. ಆವತ್ತು ಸಾಲು ಸ್ಟೇಷನ್ನಿನ ಗೋಡೆ ದಾಟಿತ್ತು. ಬಿಸಿಲು ಬೇರೆ. ಒಂದೂವರೆ ಗಂಟೆ ನಿಂತೆವು. ಅತ್ತೆಯನ್ನು ನೆರಳಲ್ಲಿ ಒಂದು ಕಟ್ಟೆಯ ಮೇಲೆ ಕೂರಿಸಿದ್ದೆ. ಮೂರು ಮುಕ್ಕಾಲಿಗೆ ಟ್ಯಾಕ್ಸಿ ಸಿಕ್ಕಿತು, 230 ಯೂರೋ. ಒಂದೂಕಾಲು ಗಂಟೆ ಸಾಕು ಅಂದರು ಡ್ರೈವರ್. ಫ್ಲಾರೆನ್ಸ್, ಪೀಸಾ, ಲಿವೋರ್ನೋ ಮೂರನ್ನೂ ಸೇರಿಸುವ ಆ ರಸ್ತೆಗೆ ಅಲ್ಲಿನವರು ಮೂರೂ ಊರಿನ ಮೊದಲಕ್ಷರ ಸೇರಿಸಿ 'ಫಿಪಿಲಿ' ಅನ್ನುತ್ತಾರೆ (ಫ್ಲಾರೆನ್ಸಿಗೆ ಅಲ್ಲಿ ಫಿರೆಂಜೆ ಅಂತ ಹೆಸರು). ರಿಪೇರಿ, ಟ್ರಾಫಿಕ್ಕು ಎರಡಕ್ಕೂ ಹೆಸರಾದ ರಸ್ತೆ. ದಾರಿಯಲ್ಲಿ ಸಿಗುವ ಎಂಪೋಲಿ ಊರು ದಾಟುತ್ತಿದ್ದ ಹಾಗೆ ಗಾಡಿಗಳು ನಿಂತವು. ಮುಂದೆ ರಸ್ತೆ ಕೆಲಸ, ಒಂದೇ ಸಾಲು. ನನ್ನ ಗಂಡ ಮಾತೇ ಆಡಲಿಲ್ಲ. ಅತ್ತೆ ಕಣ್ಣು ಮುಚ್ಚಿ ರಾಯರ ಹೆಸರು ಹೇಳುತ್ತಿದ್ದರು.

ಆ ಟ್ಯಾಕ್ಸಿಯಲ್ಲಿ ಕೂತಾಗ ಹಡಗಿಗೆ ಒಂದು ಫೋನ್ ಮಾಡಬೇಕಿತ್ತು. ನಂಬರ್ ಇರಲಿಲ್ಲ. ಪ್ರತಿ ಬಂದರಿನಲ್ಲೂ ಹಡಗಿನ ಪರವಾಗಿ ಒಬ್ಬ ಪೋರ್ಟ್ ಏಜೆಂಟ್ ಇರುತ್ತಾರೆ. ಅವರ ನಂಬರನ್ನು ಹಿಂದಿನ ರಾತ್ರಿ ರೂಮಿಗೆ ಬರುವ, ಮಾರನೇ ದಿನದ ಕಾರ್ಯಕ್ರಮದ ಹಾಳೆಯಲ್ಲಿ ಹಾಕಿರುತ್ತಾರೆ. ನಮ್ಮದು ಹಾಸಿಗೆಯ ಮೇಲೇ ಉಳಿದಿತ್ತು. ಹೇಳಿದ್ದರೆ ಕಾಯುತ್ತಿದ್ದರು ಅಂತ ನಾನು ಹೇಳುವುದಿಲ್ಲ. ಬಂದರಿನ ಜಾಗ, ಪೈಲಟ್ ದೋಣಿ ಎಲ್ಲಕ್ಕೂ ಸಮಯ ನಿಗದಿಯಾಗಿರುತ್ತದೆ. ಮೂರು ಜನಕ್ಕಾಗಿ ಮೂರು ಸಾವಿರ ಜನರನ್ನು ನಿಲ್ಲಿಸುವುದಿಲ್ಲ. ಆದರೆ ನಾವು ದಾರಿಯಲ್ಲಿದ್ದೇವೆ ಅಂತ ಅವರಿಗೆ ಗೊತ್ತಾದರೂ ಆಗುತ್ತಿತ್ತು. ಅತ್ತೆಯ ಮಾತ್ರೆ ಎಲ್ಲಿದೆ ಅಂತ ಹೇಳಬಹುದಿತ್ತು.

ಐದು ಐವತ್ತಕ್ಕೆ ಬಂದರು ತಲುಪಿದೆವು. ಏಣಿ ತೆಗೆದಾಗಿತ್ತು. ಹಡಗು ಇನ್ನೂ ದಡದಲ್ಲೇ ಇತ್ತು, ನಮ್ಮ ರೂಮಿನ ಬಾಲ್ಕನಿಯಲ್ಲಿ ಒಣಗಲು ಹಾಕಿದ್ದ ಟವೆಲ್ ಕಾಣುತ್ತಿತ್ತು. ಹತ್ತು ನಿಮಿಷ ನಿಂತು ನೋಡಿದೆವು. ಅದು ಮೆಲ್ಲಗೆ ಸರಿದು ಹೋಯಿತು.

ಏಜೆಂಟ್ ಅಲ್ಲೇ ಇದ್ದರು, ಕೈಯಲ್ಲಿ ಒಂದು ಲಕೋಟೆ. ಜನ ಬಾರದಿದ್ದರೆ ಹಡಗಿನವರು ರೂಮಿನ ಲಾಕರ್ ತೆಗೆದು ಪಾಸ್‌ಪೋರ್ಟನ್ನು ಏಜೆಂಟ್ ಕೈಗೆ ಕೊಟ್ಟು ಹೋಗುತ್ತಾರಂತೆ. ಅದೊಂದು ಪುಣ್ಯ. ಇಟಲಿಯಲ್ಲಿ ಹೋಟೆಲಿನವರು ತಂಗುವ ಪ್ರತಿಯೊಬ್ಬರ ವಿವರವನ್ನೂ ಪೊಲೀಸರಿಗೆ ಕೊಡಬೇಕು, ಪಾಸ್‌ಪೋರ್ಟ್ ಇಲ್ಲದಿದ್ದರೆ ಆ ರಾತ್ರಿ ರೂಮು ಸಿಗುವುದೇ ಕಷ್ಟವಿತ್ತು. ಆದರೆ ಲಕೋಟೆಯಲ್ಲಿ ಪಾಸ್‌ಪೋರ್ಟ್ ಮಾತ್ರ ಇತ್ತು. ಮಾತ್ರೆ ಅತ್ತೆಯ ದಿಂಬಿನ ಪಕ್ಕದ ಡಬ್ಬಿಯಲ್ಲಿ, ಅದನ್ನು ಯಾರು ನೋಡುತ್ತಾರೆ?

ಹಸಿರು ಪ್ಲಸ್ ಗುರುತಿನ ಔಷಧಿ ಅಂಗಡಿಗೆ ಹೋದೆವು. ಅಲ್ಲಿದ್ದ ಹೆಣ್ಣುಮಗಳು ತುಂಬಾ ತಾಳ್ಮೆಯಿಂದ ಕೇಳಿದಳು, ಯಾವ ಔಷಧ? ನಮಗೆ ಗೊತ್ತಿದ್ದದ್ದು ನಮ್ಮ ದೇಶದ ಕಂಪನಿಯ ಬ್ರ್ಯಾಂಡ್ ಹೆಸರು. ಅದು ಅವಳಿಗೆ ಅರ್ಥವಾಗಲಿಲ್ಲ. ಸ್ಟ್ರಿಪ್‌ನ ಫೋಟೋ ಇಲ್ಲ, ಡಾಕ್ಟರ್ ಚೀಟಿ ಇಲ್ಲ. ಕೊನೆಗೆ ಮೈಸೂರಿನಲ್ಲಿರುವ ನಾದಿನಿಗೆ ಫೋನ್ ಮಾಡಿದೆ. ಅಲ್ಲಿ ರಾತ್ರಿ ಹನ್ನೊಂದು ದಾಟಿತ್ತು. ಅವಳು ಅತ್ತೆಯ ಕಪಾಟು ಹುಡುಕಿ ಹಳೇ ಚೀಟಿಯ ಫೋಟೋ ಕಳಿಸಿದಳು. ಅಷ್ಟರಲ್ಲಿ ಅಂಗಡಿ ಬಾಗಿಲು ಹಾಕಿಯಾಗಿತ್ತು. ಅತ್ತೆ ಆ ರಾತ್ರಿ ಮಾತ್ರೆ ಇಲ್ಲದೆ ಮಲಗಿದರು. "ಒಂದು ದಿನ ತಾನೇ, ಏನೂ ಆಗಲ್ಲ ಬಿಡಮ್ಮ" ಅಂತ ನನಗೇ ಸಮಾಧಾನ ಹೇಳಿದರು. ನಾನು ಮಲಗಲಿಲ್ಲ. ಗಂಟೆಗೊಮ್ಮೆ ಎದ್ದು ಅವರ ಉಸಿರು ನೋಡುತ್ತಿದ್ದೆ.

ಮಾರನೇ ಬೆಳಿಗ್ಗೆ ಲಿವೋರ್ನೋದಿಂದ ಕರಾವಳಿಯ ರೈಲು ಹಿಡಿದು, ಹನ್ನೊಂದರ ಸುಮಾರಿಗೆ ಚಿವಿತಾವೆಕ್ಯಾದಲ್ಲಿ ಹಡಗು ಸೇರಿದೆವು. ಅತ್ತೆಗೆ ಏನೂ ಆಗಲಿಲ್ಲ. ರೋಮ್ ನೋಡಲಿಲ್ಲ. ಕೊಲೊಸಿಯಂ ಟಿಕೆಟ್ಟುಗಳ ಮೇಲೆ ನಮ್ಮ ಹೆಸರಿತ್ತು, ಇನ್ನೊಬ್ಬರಿಗೆ ಕೊಡಲೂ ಆಗಲಿಲ್ಲ. ಒಟ್ಟು ಖರ್ಚು 500 ಯೂರೋ ದಾಟಿತು. ವೀಸಾಕ್ಕೆಂದು ಮಾಡಿಸಿದ್ದ ಇನ್ಶೂರೆನ್ಸ್ ಆಸ್ಪತ್ರೆ ಖರ್ಚಿಗೆ ಮಾತ್ರ, ಹಡಗು ತಪ್ಪಿದ್ದಕ್ಕೆ ಒಂದು ಪೈಸೆ ಬರಲಿಲ್ಲ.

ನಾವು ಉಳಿಸಲು ಹೋಗಿದ್ದು ಎಷ್ಟು ಗೊತ್ತಾ? ಹಡಗಿನವರೇ ಫ್ಲಾರೆನ್ಸಿಗೆ ಬರೀ ಬಸ್ಸು ಬಿಡುತ್ತಿದ್ದರು. ಗೈಡ್ ಇಲ್ಲ, ಗುಂಪಿನ ಹಿಂದೆ ಓಡುವುದಿಲ್ಲ. ಊರಲ್ಲಿ ಬಿಟ್ಟು, ಹೇಳಿದ ಹೊತ್ತಿಗೆ ಅಲ್ಲಿಂದಲೇ ಕರೆತರುವುದು, ಅಷ್ಟೇ. ತಲೆಗೆ 75 ಯೂರೋ. ರೈಲಿಗೆ ಹೋಗಿಬರಲು ತಲೆಗೆ ಸುಮಾರು 24. ಮೂವರಿಗೆ ಉಳಿಯುತ್ತಿದ್ದದ್ದು ಸುಮಾರು 150 ಯೂರೋ. ಹಡಗಿನವರ ಬಸ್ಸು ತಡವಾದರೆ ಸಾಮಾನ್ಯವಾಗಿ ಹಡಗು ಕಾಯುತ್ತದೆ, ಇಲ್ಲವೇ ಅವರ ಖರ್ಚಿನಲ್ಲೇ ಮುಂದಿನ ಬಂದರಿಗೆ ಮುಟ್ಟಿಸುತ್ತಾರೆ. ಅದೇ ದಿನ, ಅದೇ ಫಿಪಿಲಿ ರಸ್ತೆಯಲ್ಲಿ ಬಂದ ಅವರ ಬಸ್ಸಿನವರೆಲ್ಲ ರಾತ್ರಿ ಹಡಗಿನಲ್ಲಿ ಊಟ ಮಾಡಿದರು. ಇಂಥ ಬರೀ ಬಸ್ಸಿನ ಟಿಕೆಟ್ಟು ಎಕ್ಸ್‌ಕರ್ಷನ್ ಪಟ್ಟಿಯಲ್ಲಿ ಕೆಳಗೆಲ್ಲೋ ಇರುತ್ತದೆ. ಹುಡುಕಿ. ಫ್ಲಾರೆನ್ಸ್, ರೋಮ್ ಎರಡಕ್ಕೂ ನನ್ನ ಪ್ರಕಾರ ಅದೇ ಸರಿ.

ಎಲ್ಲ ಬಂದರಿಗೂ ಈ ಮಾತು ಹೇಳುತ್ತಿಲ್ಲ. ನೇಪಲ್ಸಿನಲ್ಲಿ ಹಡಗಿನಿಂದ ಇಳಿದರೆ ಎದುರಿಗೇ ಕೋಟೆ, ಅದರ ಹಿಂದೆ ಊರು. ಅಲ್ಲಿ ನಾವೇ ನಡೆದು ಹೋದೆವು. ಮಾಲ್ಟಾದ ವಲೆಟ್ಟಾ, ಮಾಂಟೆನೆಗ್ರೋದ ಕೋಟೋರ್ ಕೂಡ ಹಾಗೇ, ಹಳೇ ಊರು ಬಂದರಿಗೆ ಅಂಟಿಕೊಂಡೇ ಇದೆ. ಇಂಥ ಕಡೆ ಬಸ್ಸಿಗೆ ದುಡ್ಡು ಕೊಡುವುದು ಸುಮ್ನೆ ದಂಡ. ಕಾಲ್ನಡಿಗೆಯಲ್ಲಿ ವಾಪಸ್ ಬರಲು ಆಗುತ್ತದೋ ಇಲ್ಲವೋ ಅನ್ನುವುದೊಂದೇ ನಾನು ಈಗ ನೋಡುವುದು.

ಗ್ರೀಸ್, ಟರ್ಕಿ ಕಡೆಯ ಕ್ರೂಸ್ ತೆಗೆದುಕೊಂಡವರಿಗೆ ಇನ್ನೊಂದು ಮಾತು. ನಮಗೆ ಮುಂದಿನ ಬಂದರೂ ಇಟಲಿಯಲ್ಲೇ ಇದ್ದದ್ದು ಅದೃಷ್ಟ. ಟರ್ಕಿಯಲ್ಲಿ ಹಡಗು ತಪ್ಪಿ, ಕೈಯಲ್ಲಿ ಸಿಂಗಲ್ ಎಂಟ್ರಿ, ಅಂದರೆ ಒಂದೇ ಸಲ ಒಳಗೆ ಬಿಡುವ ಷೆಂಗೆನ್ ವೀಸಾ (ಇಟಲಿ, ಗ್ರೀಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ, ಟರ್ಕಿ ಅದರಲ್ಲಿಲ್ಲ) ಇದ್ದರೆ ಗ್ರೀಸಿಗೆ ಹಿಂತಿರುಗುವ ದಾರಿಯೇ ಇರುವುದಿಲ್ಲ. ನಮ್ಮ ಪಾಸ್‌ಪೋರ್ಟಿನವರು ಮಲ್ಟಿಪಲ್ ಎಂಟ್ರಿ ಕೇಳಿಯೇ ಹೊರಡಬೇಕು. ಇಟಲಿಗೂ ಗ್ರೀಸಿಗೂ ಒಂದು ಗಂಟೆ ವ್ಯತ್ಯಾಸ ಇದೆ, ಫೋನಿನ ಟೈಮು ತಾನಾಗೇ ಬದಲಾಗುತ್ತದೆ, ಹಡಗಿನದು ಬೇರೆ ಇರಬಹುದು. ಇಳಿಯುವಾಗ ಹಡಗಿನ ಗಡಿಯಾರ ನೋಡಿ ಇಳಿಯಿರಿ.

ಬೆಂಗಳೂರಿಗೆ ಬಂದ ಮೇಲೆ ಅತ್ತೆಯ ಡಾಕ್ಟರ್ ಹತ್ತಿರ ಒಂದು ಪತ್ರ ಬರೆಸಿದೆ. ಅದರಲ್ಲಿ ಬ್ರ್ಯಾಂಡ್ ಹೆಸರಿಲ್ಲ, ಒಳಗಿನ ಔಷಧದ ಹೆಸರಿದೆ. ಶುಗರ್‌ಗೆ ಮೆಟ್‌ಫಾರ್ಮಿನ್ ಎಷ್ಟು, ಬಿಪಿಗೆ ಆಮ್ಲೋಡಿಪಿನ್ ಎಷ್ಟು, ಯಾವ ಹೊತ್ತಿಗೆ ಅಂತ. ಒಂದು ಪ್ರತಿ ನನ್ನ ಫೋನಿನಲ್ಲಿದೆ, ಒಂದು ಅತ್ತೆಯ ಪರ್ಸಿನಲ್ಲಿದೆ, ಜೊತೆಗೆ ಎರಡು ದಿನದ ಮಾತ್ರೆ. ಈಗ ಮಾರ್ಕೆಟ್ಟಿಗೆ ಹೋದರೂ ಅದನ್ನು ಹಿಡಿದುಕೊಂಡೇ ಹೋಗುತ್ತಾರೆ.